ಕಾಡಿಗೆ ಕಿಚ್ಚು ಹಗೆಯೇ?

2019ರ ಫೆಬ್ರುವರಿ ಕೊನೆಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದಾಗ ಬೆಂಕಿ ಆರಿಸಲು ವಾಯುಪಡೆಯ ಹೆಲಿಕಾಪ್ಟರುಗಳೇ ಬರಬೇಕಾಯಿತು. ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಗುಡ್ಡಗಳು ಕರಕಲಾದವು. ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿರುವುದನ್ನು ಉಪಗ್ರಹ ಚಿತ್ರಗಳು ತೋರಿಸಿದವು.

ಇಂಥ ಬೆಂಕಿಯ ನಂತರ ನಾಲ್ಕು ಮಳೆ ಬಿದ್ದರೆ ಕರಿನೆಲದಲ್ಲಿ ಹುಲ್ಲು ಏಳುತ್ತದೆ. ದೊಡ್ಡ ಮರಗಳು ಬಹುಮಟ್ಟಿಗೆ ಮತ್ತೆ ಚಿಗುರುತ್ತವೆ. ರಸ್ತೆಯಲ್ಲಿ ಹೋಗುವವರಿಗೆ ಕಾಡು ಚೇತರಿಸಿಕೊಂಡಿತೆಂಬ ಸಮಾಧಾನ. ಆದರೆ ನೂರು ವರ್ಷ ಬಾಳಿದ ಮರ ಉರುಳಿದಾಗ ಅದರ ಜಾಗಕ್ಕೆ ಬರಬೇಕಾದದ್ದು ಬುಡದಲ್ಲಿರುವ ಮೊಣಕಾಲೆತ್ತರದ ಸಸಿ. ಅದರ ಗತಿ ಏನಾಯಿತೆಂದು ಕೇಳುವವರು ಕಡಿಮೆ.

ಬೆಂಕಿ ಸಸಿಯನ್ನು ಸುಟ್ಟುಹಾಕುತ್ತದೆ, ಆದ್ದರಿಂದ ಬೆಂಕಿಯೇ ಕಾಡಿನ ಶತ್ರು ಎಂಬುದು ಎಲ್ಲರಿಗೂ ಥಟ್ಟನೆ ಹೊಳೆಯುವ ಉತ್ತರ. ಭಾರತದ ಅರಣ್ಯ ಇಲಾಖೆ ಹುಟ್ಟಿದ್ದೂ ಇದೇ ನಂಬಿಕೆಯೊಂದಿಗೆ. ಆ ನಂಬಿಕೆಯನ್ನು ಮೊದಲು ಅಲುಗಾಡಿಸಿದ್ದು ಸಸಿಗಳೇ ಎಂಬುದು ಸ್ವಾರಸ್ಯದ ಸಂಗತಿ.

ಬೋರಿ ಕಾಡಿನ ಗೆಲುವು

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರೈಲು ಮಾರ್ಗಗಳು ದೇಶದ ಉದ್ದಗಲಕ್ಕೂ ಹರಡತೊಡಗಿದಾಗ ಹಳಿಯ ಕೆಳಗೆ ಹಾಕುವ ದಿಮ್ಮಿಗಳಿಗಾಗಿ ಕಾಡುಗಳು ಬರಿದಾಗುತ್ತಿದ್ದವು. ಮರಮಟ್ಟು ಮುಗಿದುಹೋದೀತೆಂಬ ಭಯ ಸರ್ಕಾರಕ್ಕೆ ಹಿಡಿಯಿತು. 1864ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಡೀಟ್ರಿಶ್ ಬ್ರಾಂಡಿಸ್ ದೇಶದ ಮೊದಲ ಅರಣ್ಯ ಮಹಾಧಿಕಾರಿಯಾಗಿ ನೇಮಕಗೊಂಡರು. ಯುರೋಪಿನ ಅರಣ್ಯಶಾಸ್ತ್ರಕ್ಕೆ ಬೆಂಕಿ ಎಂದರೆ ಅಪರಾಧ ಇಲ್ಲವೇ ಅಜಾಗರೂಕತೆ. ಭಾರತದಲ್ಲಾದರೋ ಬೇಸಿಗೆ ಬಂತೆಂದರೆ ಕಾಡಿನ ಜನ, ದನಗಾಹಿಗಳು, ಬೇಸಾಯಗಾರರು ಎಲ್ಲೆಡೆ ಬೆಂಕಿ ಇಡುತ್ತಿದ್ದರು. ಹೊಸ ಹುಲ್ಲಿಗಾಗಿ, ಬೇಟೆಗಾಗಿ, ಕುಮರಿ ಬೇಸಾಯಕ್ಕಾಗಿ, ಓಡಾಟದ ದಾರಿ ತೆರವಾಗಲೆಂದು.

ಕುಮರಿಯ ಮೇಲೆ ಕಣ್ಣು ಬಿದ್ದದ್ದು ಇನ್ನೂ ಮೊದಲೇ. 1840ರ ದಶಕದಲ್ಲಿ ಶಿವಮೊಗ್ಗೆಯಲ್ಲಿ ವೈದ್ಯರಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ ಮಲೆನಾಡಿನಲ್ಲಿ ಕಾಡು ಕಡಿದು ಸುಟ್ಟು ರಾಗಿ ಬಿತ್ತುವ ಪದ್ಧತಿಯನ್ನು ಕಂಡು ಅದರ ಕಡು ವಿರೋಧಿಯಾದರು. ಮುಂದೆ ಅವರೇ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾಗಿ ಕುಮರಿಗೆ ಕಡಿವಾಣ ಹಾಕಿಸಿದರು.

ಬೆಂಕಿಯನ್ನು ಪೂರ್ತಿಯಾಗಿ ತಡೆಯಲು ಸಾಧ್ಯವೇ ಎಂಬ ಅನುಮಾನ ಅಧಿಕಾರಿಗಳಲ್ಲೇ ಇತ್ತು. ಅದನ್ನು ನಿವಾರಿಸಿದವರು ಮಧ್ಯಪ್ರಾಂತ್ಯದ ಕರ್ನಲ್ ಪಿಯರ್ಸನ್. ಇಂದು ಮಧ್ಯಪ್ರದೇಶದ ಸಾತ್ಪುರ ಹುಲಿ ಮೀಸಲು ಪ್ರದೇಶದಲ್ಲಿ ಸೇರಿರುವ ಬೋರಿ ಕಾಡಿನಲ್ಲಿ ಅವರು 1860ರ ದಶಕದಲ್ಲಿ ಬೆಂಕಿ ರೇಖೆಗಳನ್ನು ಕಡಿಸಿ, ಕಾವಲಿಟ್ಟು ಕಾಡು ಸುಡದಂತೆ ನೋಡಿಕೊಂಡರು. ಬೋರಿಯ ಈ ಗೆಲುವು ಇಡೀ ದೇಶಕ್ಕೆ ಮಾದರಿಯಾಯಿತು. 1878ರ ಅರಣ್ಯ ಕಾಯ್ದೆ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ಅಪರಾಧವೆಂದು ಸಾರಿತು. ಎಷ್ಟು ಚದರ ಮೈಲಿ ಕಾಡು ಬೆಂಕಿಯಿಂದ ಉಳಿಯಿತು ಎಂಬುದೇ ಅಧಿಕಾರಿಯ ದಕ್ಷತೆಯ ಅಳತೆಗೋಲಾಯಿತು.

ಬರ್ಮಾದಿಂದ ಬಂದ ತಕರಾರು

ಇಪ್ಪತ್ತು ಮೂವತ್ತು ವರ್ಷ ಬೆಂಕಿ ಕಾಣದ ಕಾಡುಗಳು ಹಸಿರಾಗಿ, ದಟ್ಟವಾಗಿ ಬೆಳೆದವು. ವರದಿಗಳಲ್ಲಿ ಸಂತೋಷ ತುಂಬಿತ್ತು. ಆದರೆ ಕಾಡಿನೊಳಗೆ ನಡೆದಾಡುತ್ತಿದ್ದ ಕೆಲವು ಕಿರಿಯ ಅಧಿಕಾರಿಗಳಿಗೆ ಒಂದು ಕೊರತೆ ಕಾಣತೊಡಗಿತು. ದೊಡ್ಡ ಮರಗಳಿದ್ದವು, ಅವುಗಳ ಮರಿಗಳಿರಲಿಲ್ಲ.

1896ರಲ್ಲಿ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಎಚ್. ಸ್ಲೇಡ್ ಎಂಬ ಅರಣ್ಯಾಧಿಕಾರಿ ಒಂದು ಲೇಖನ ಬರೆದರು. ಬರ್ಮಾದಲ್ಲಿ ಬೆಂಕಿ ರಕ್ಷಣೆ ಅತಿಯಾಗಿದೆ ಎಂಬುದು ಅದರ ತಲೆಬರಹದಲ್ಲೇ ಇತ್ತು. ಅವರ ವಾದ ಸರಳವಾದದ್ದು. ತೇಗದ ಸಸಿಗೆ ಬಿಸಿಲು ಬೇಕು. ಮಳೆ ಹೆಚ್ಚಿರುವ ಕಾಡಿನಲ್ಲಿ ಬೆಂಕಿ ನಿಲ್ಲಿಸಿದರೆ ಬಿದಿರು, ಬಳ್ಳಿ, ಬೇರೆ ಜಾತಿಯ ಗಿಡಗಳು ಒತ್ತಾಗಿ ಬೆಳೆದು ನೆಲಕ್ಕೆ ಬೆಳಕೇ ಬೀಳುವುದಿಲ್ಲ. ತೇಗ ಉಳಿಸಲೆಂದು ಹಣ ಸುರಿದು ಮಾಡುವ ರಕ್ಷಣೆ ತೇಗವನ್ನೇ ಇಲ್ಲವಾಗಿಸುತ್ತದೆ.

ಈ ಮಾತು ಇಲಾಖೆಯ ಮೂಲಮಂತ್ರಕ್ಕೇ ವಿರುದ್ಧವಾಗಿತ್ತು. ವರ್ಷಗಟ್ಟಲೆ ಚರ್ಚೆ ನಡೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಮಾದ ತೇವದ ತೇಗದ ಕಾಡುಗಳಲ್ಲಿ ಬೆಂಕಿ ರಕ್ಷಣೆಯನ್ನು ಕೈಬಿಡಲಾಯಿತು.

ಸಾಲ ಸಸಿಯ ಹಟ

ಇದೇ ಸಮಸ್ಯೆ ಇನ್ನೂ ದೊಡ್ಡದಾಗಿ ಕಂಡದ್ದು ಹಿಮಾಲಯದ ತಪ್ಪಲಿನ ಸಾಲ ವೃಕ್ಷದ ಕಾಡುಗಳಲ್ಲಿ. ಬುದ್ಧನ ಪರಿನಿರ್ವಾಣದ ಕತೆಯಿಂದ ಕನ್ನಡಿಗರಿಗೆ ಹೆಸರಷ್ಟೇ ಪರಿಚಿತವಾದ ಈ ಮರ ಉತ್ತರ ಮತ್ತು ಮಧ್ಯ ಭಾರತದ ಬಹುದೊಡ್ಡ ಅರಣ್ಯ ಸಂಪತ್ತು. ಇದರ ಬೀಜಕ್ಕೆ ಆಯುಸ್ಸು ಕಡಿಮೆ. ಮುಂಗಾರಿನ ಹೊಸ್ತಿಲಲ್ಲಿ ಉದುರುವ ಬೀಜಕ್ಕೆ ಒಂದು ವಾರದ ಆಚೀಚೆ ಮಳೆ ಸಿಗದಿದ್ದರೆ ಮೊಳೆಯುವ ಶಕ್ತಿ ಹೋಗುತ್ತದೆ. ಮೊಳೆತ ಮೇಲೂ ಕಷ್ಟ ತಪ್ಪಿದ್ದಲ್ಲ. ಬರಕ್ಕೆ, ಇಬ್ಬನಿಯ ಕೊರೆತಕ್ಕೆ, ಬೆಂಕಿಗೆ, ದನ ಜಿಂಕೆಗಳ ಬಾಯಿಗೆ ಸಿಕ್ಕಿ ಸಸಿಯ ಕಾಂಡ ವರ್ಷವರ್ಷವೂ ಒಣಗಿ ಸಾಯುತ್ತದೆ. ಆದರೆ ಬೇರು ಸಾಯುವುದಿಲ್ಲ. ಮಳೆ ಬಂದಾಗ ಮತ್ತೆ ಚಿಗುರುತ್ತದೆ. ಹೀಗೆ ಹಲವು ವರ್ಷ ಸತ್ತು ಹುಟ್ಟಿ, ನೆಲದೊಳಗೆ ಬೇರು ಸಾಕಷ್ಟು ದಪ್ಪವಾದ ಮೇಲೆ ಒಮ್ಮೆಲೇ ಎತ್ತರಕ್ಕೆ ಏಳುತ್ತದೆ.

ಬೆಂಕಿ ನಿಂತ ತೇವದ ಕಾಡುಗಳಲ್ಲಿ ಇಷ್ಟು ಹಟದ ಸಸಿಯೂ ಸೋತಿತು. ಬಂಗಾಳದ ಬಕ್ಸಾ ಪ್ರದೇಶದಲ್ಲಿ ಸಾಲ ಮರಗಳ ಕೆಳಗೆ ನಿತ್ಯಹರಿದ್ವರ್ಣದ ಗಿಡಗಳೂ ಬಳ್ಳಿಗಳೂ ಹೆಣೆದುಕೊಂಡವು. ಇದರ ಕಾರಣ ಹುಡುಕಲು ಹೊರಟವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸಸ್ಯವಿಜ್ಞಾನಿ ಆರ್.ಎಸ್. ಹೋಲ್. 1910ರ ದಶಕದಲ್ಲಿ ಅವರು ನಡೆಸಿದ ಪ್ರಯೋಗಗಳಿಂದ ತಿಳಿದದ್ದು ಇಷ್ಟು: ಮಳೆಗಾಲದಲ್ಲಿ ದಟ್ಟ ನೆರಳಿನ ಕೆಳಗೆ, ಕೊಳೆತ ಎಲೆಗಳ ದಪ್ಪ ಹಾಸಿನಲ್ಲಿ ನೀರು ನಿಂತು ಮಣ್ಣಿಗೆ ಗಾಳಿಯಾಡುವುದಿಲ್ಲ. ಸಾಲ ಸಸಿಯ ಎಳೆ ಬೇರು ಅಲ್ಲಿ ಉಸಿರುಕಟ್ಟಿ ಕೊಳೆಯುತ್ತದೆ. ಹಿಂದೆ ಆ ತರಗೆಲೆಯನ್ನು ವರ್ಷವರ್ಷವೂ ಸುಟ್ಟು ನೆಲ ತೆರವು ಮಾಡುತ್ತಿದ್ದದ್ದು ಹಳ್ಳಿಗರ ಬೆಂಕಿ.

ಕೊನೆಗೆ ಇಲಾಖೆಯೇ ಕೆಲವೆಡೆ ತಾನಾಗಿ ಬೆಂಕಿ ಇಡತೊಡಗಿತು. ಬಕ್ಸಾದಲ್ಲಿ ರಾಭಾ, ಮೇಚ್ ಜನರನ್ನು ಅರಣ್ಯ ಗ್ರಾಮಗಳಲ್ಲಿ ನೆಲೆಗೊಳಿಸಿ, ಅವರಿಂದಲೇ ಕಾಡು ಸವರಿಸಿ, ಸುಡಿಸಿ, ಬೆಳೆಯ ನಡುವೆ ಸಾಲದ ಬೀಜ ಬಿತ್ತಿಸಲಾಯಿತು. ಬರ್ಮಾದ ಕರೆನ್ ಬೇಸಾಯಗಾರರಿಂದ ಕಲಿತ ಈ ಪದ್ಧತಿಗೆ ಟೌಂಗ್ಯಾ ಎಂಬ ಅಲ್ಲಿಯ ಹೆಸರೇ ಉಳಿಯಿತು. ಯಾವ ಬೆಂಕಿಗಾಗಿ ಜನರನ್ನು ಶಿಕ್ಷಿಸಲಾಗಿತ್ತೋ ಅದೇ ಬೆಂಕಿ ಈಗ ಸರ್ಕಾರದ ಕೆಲಸವಾಯಿತು. ಕಾನೂನು ಮಾತ್ರ ಬದಲಾಗಲಿಲ್ಲ. 1921ರಲ್ಲಿ ಕುಮಾವೂ ಬೆಟ್ಟಗಳ ಜನ ಅರಣ್ಯ ನಿರ್ಬಂಧಗಳ ವಿರುದ್ಧ ಸಿಡಿದೆದ್ದು ಪೈನ್ ಕಾಡುಗಳಿಗೆ ಬೆಂಕಿ ಹಚ್ಚಿದಾಗ ಅದರ ಹಿಂದೆ ಈ ಸಿಟ್ಟೂ ಇತ್ತು.

ಸೋಲಿಗರ ತರಗು ಬೆಂಕಿ

ಈ ಹಳೆಯ ಜಗಳ ಕರ್ನಾಟಕದಲ್ಲಿ ಮತ್ತೆ ಕೇಳಿಬಂದದ್ದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ. ಇಲ್ಲಿಯ ಸೋಲಿಗರು ಬೇಸಿಗೆಯ ಆರಂಭದಲ್ಲಿ, ನೆಲದಲ್ಲಿ ಇನ್ನೂ ಪಸೆ ಇರುವಾಗಲೇ, ಉದುರಿದ ಎಲೆಗೆ ಬೆಂಕಿ ಇಡುತ್ತಿದ್ದರು. ಅದೇ ತರಗು ಬೆಂಕಿ. ಅದರ ಜ್ವಾಲೆ ಮೇಲಕ್ಕೇಳದೆ ನೆಲದ ಮೇಲೇ ಹರಿದುಹೋಗುತ್ತಿತ್ತು. 1970ರ ದಶಕದಲ್ಲಿ ಬೆಟ್ಟ ವನ್ಯಧಾಮವಾಯಿತು. ಸೋಲಿಗರ ಅಲೆಮಾರಿ ಬೇಸಾಯ ನಿಂತು ಅವರು ಪೋಡುಗಳಲ್ಲಿ ನೆಲೆಯೂರಬೇಕಾಯಿತು. ತರಗು ಬೆಂಕಿಯೂ ನಿಂತಿತು.

ಅಲ್ಲಿಂದೀಚೆಗೆ ಬೆಟ್ಟವನ್ನು ಆವರಿಸಿದ್ದು ಲಾಂಟಾನಾ. ಅಮೆರಿಕ ಖಂಡದ ಈ ಪೊದೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದು, ಅಲ್ಲಿಂದ ದೇಶವನ್ನೆಲ್ಲ ವ್ಯಾಪಿಸಿತು. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ಗುರುತಿಸಿದ್ದ ಜಾಗಗಳನ್ನೇ ಸಂಶೋಧಕರು 2008ರಲ್ಲಿ ಮತ್ತೆ ಪರಿಶೀಲಿಸಿದಾಗ ಲಾಂಟಾನಾ ಇರುವ ಜಾಗಗಳು ಸುಮಾರು ಎರಡು ಪಟ್ಟಾಗಿದ್ದವು. ಅದರ ಒತ್ತಾದ ಪೊದೆಯ ಕೆಳಗೆ ನೆಲ್ಲಿ, ಮತ್ತಿ, ದಿಂಡಿಗಗಳ ಸಸಿ ಮೇಲೇಳುವುದು ಕಷ್ಟ. ನೆಲ್ಲಿಕಾಯಿ ಆಯ್ದು ಬದುಕುವ ಸೋಲಿಗರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ತರಗು ಬೆಂಕಿ ನಿಂತದ್ದರಿಂದಲೇ ಲಾಂಟಾನಾ ಹೆಚ್ಚಿತು, ನೆಲ್ಲಿಯ ಕೊಂಬೆ ಹಿಡಿದು ರಸ ಹೀರುವ ಬಂದಳಿಕೆಯೂ ಹೆಚ್ಚಿತು ಎಂಬುದು ಸೋಲಿಗರ ಹಿರಿಯರ ಅಂಬೋಣ. ಬಂದಳಿಕೆಯನ್ನು ಅವರು ಉಪ್ಪಿಲು ಎನ್ನುತ್ತಾರೆ. ವಿಜ್ಞಾನಿಗಳಲ್ಲಿ ಈ ಮಾತನ್ನು ಒಪ್ಪುವವರಿದ್ದಾರೆ. ಆದರೆ ಅವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ಒಮ್ಮೆ ಲಾಂಟಾನಾ ಬೇರುಬಿಟ್ಟ ಮೇಲೆ ಬೆಂಕಿಯ ಸ್ವಭಾವವೇ ಬೇರೆಯಾಗುತ್ತದೆ. ಆಳೆತ್ತರದ ಒಣ ಪೊದೆ ಹೊತ್ತಿಕೊಂಡರೆ ಕಿಚ್ಚು ಮರದ ತಲೆಗೇರುತ್ತದೆ. ಸುಟ್ಟ ಜಾಗದಲ್ಲಿ ಎಲ್ಲಕ್ಕಿಂತ ಮೊದಲು ಚಿಗುರುವುದೂ ಲಾಂಟಾನಾವೇ. ಹಿಂದಿನ ಮದ್ದು ಇಂದು ಹಾಗೆಯೇ ಹಿಡಿಯುವುದಿಲ್ಲ.

ಮುದುಮಲೆಯ ಲೆಕ್ಕ

ಬಂಡೀಪುರಕ್ಕೆ ಅಂಟಿಕೊಂಡ ತಮಿಳುನಾಡಿನ ಮುದುಮಲೆಯಲ್ಲಿ ಸಸಿಗಳ ಜಾತಕ ಬರೆಯುವ ಕೆಲಸ 1988ರಿಂದ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 50 ಹೆಕ್ಟೇರ್ ಕಾಡನ್ನು ಗುರುತಿಸಿ, ಒಂದು ಸೆಂಟಿಮೀಟರ್‌ಗಿಂತ ದಪ್ಪವಿರುವ ಪ್ರತಿಯೊಂದು ಗಿಡಕ್ಕೂ ನಂಬರು ಕೊಟ್ಟು, ಯಾವುದು ಸತ್ತಿತು, ಯಾವುದು ಹೊಸದಾಗಿ ಬಂತು ಎಂದು ವರ್ಷವರ್ಷವೂ ದಾಖಲಿಸಿದರು. ಬೆಂಕಿ ಬಿದ್ದಾಗ ಸಾಯುವುದು ಮುಖ್ಯವಾಗಿ ಎಳೆಯ, ಸಣ್ಣ ಗಿಡಗಳು. ದಪ್ಪ ತೊಗಟೆಯ ದೊಡ್ಡ ಮರಗಳು ಬಹುಮಟ್ಟಿಗೆ ಪಾರಾಗುತ್ತವೆ. ಮಳೆ ಕೈಕೊಟ್ಟರೆ ದೊಡ್ಡ ಮರಗಳೂ ಸಾಯುತ್ತವೆ, ಆದರೆ ಕೂಡಲೇ ಅಲ್ಲ. ಎರಡು ಮೂರು ವರ್ಷ ತಡವಾಗಿ ಆ ಸಾವು ಕಾಣಿಸಿಕೊಳ್ಳುತ್ತದೆ.

ಇದೇ ಮುದುಮಲೆಯ ಹಳೆಯ ಅರಣ್ಯ ದಾಖಲೆಗಳನ್ನು ತೆಗೆದು ಸುಕುಮಾರ್ ಅವರೂ ಸೇರಿದ ತಂಡವೊಂದು ಹೋಲಿಸಿ ನೋಡಿತು. 1909ರಿಂದ 1921ರ ಅವಧಿಯಲ್ಲಿ ಒಂದು ಜಾಗಕ್ಕೆ ಸರಾಸರಿ 10 ವರ್ಷಕ್ಕೊಮ್ಮೆ ಬೆಂಕಿ ಬೀಳುತ್ತಿತ್ತು. 1989ರಿಂದ 2002ರ ಅವಧಿಯಲ್ಲಿ ಆ ಅಂತರ ಸುಮಾರು 3.3 ವರ್ಷಕ್ಕೆ ಇಳಿದಿತ್ತು. 2004ರಲ್ಲಿ ಪ್ರಕಟವಾದ ಈ ಲೆಕ್ಕದಲ್ಲಿ ಸಸಿಯ ಭವಿಷ್ಯವಿದೆ. ಹತ್ತು ವರ್ಷ ಬಿಡುವು ಸಿಕ್ಕರೆ ಸಸಿ ಜ್ವಾಲೆಗಿಂತ ಮೇಲೆ ತಲೆ ಎತ್ತಿ, ತೊಗಟೆ ದಪ್ಪಮಾಡಿಕೊಂಡು ಮರವಾಗುವ ಅವಕಾಶವಿದೆ. ಮೂರು ವರ್ಷಕ್ಕೊಮ್ಮೆ ಸುಟ್ಟರೆ ಬೇರಿನಿಂದ ಚಿಗುರುವುದು, ಮತ್ತೆ ಸುಟ್ಟುಹೋಗುವುದು ಇಷ್ಟೇ ಅದರ ಬಾಳು. ದೊಡ್ಡ ಮರಗಳು ಇರುವ ತನಕ ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಹವಾಮಾನ ಬದಲಾದಾಗ ಕಾಡು ಹಿಂದೆ ಸರಿದದ್ದು ಈ ಬೆಟ್ಟಗಳಿಗೆ ಹೊಸದೇನಲ್ಲ. ನೀಲಗಿರಿಯ ಕಣಿವೆಗಳಲ್ಲಿ ಸಾವಿರಾರು ವರ್ಷಗಳಿಂದ ಸಸ್ಯಗಳು ಅರ್ಧ ಕೊಳೆತು ಪದರಪದರವಾಗಿ ಶೇಖರವಾಗಿರುವ ಜೌಗು ಮಣ್ಣಿದೆ. ಮರಗಳೂ ಉಷ್ಣವಲಯದ ಹುಲ್ಲುಗಳೂ ಗಾಳಿಯಿಂದ ಇಂಗಾಲ ಹೀರುವ ಬಗೆ ಬೇರೆ ಬೇರೆಯಾದ್ದರಿಂದ, ಯಾವ ಕಾಲದಲ್ಲಿ ಯಾವುದು ಹೆಚ್ಚಿತ್ತೆಂದು ಆ ಮಣ್ಣಿನ ಇಂಗಾಲವೇ ಹೇಳುತ್ತದೆ. 1993ರಲ್ಲಿ ಸುಕುಮಾರ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು 20,000 ವರ್ಷಗಳ ಹಿಂದೆ ಹಿಮಯುಗದ ಒಣ ಹವೆಯಲ್ಲಿ ಹುಲ್ಲು ಮೇಲುಗೈ ಪಡೆದಿತ್ತು. ಮುಂದೆ ಮುಂಗಾರು ಬಲಗೊಂಡಾಗ ಶೋಲಾ ಕಾಡು ಹರಡಿತು. ಮಳೆ ಸೊರಗಿದಾಗ ಮತ್ತೆ ಹುಲ್ಲು. ಆದರೆ ಆ ಏರಿಳಿತಗಳಿಗೆ ಸಾವಿರಾರು ವರ್ಷಗಳ ಕಾಲಾವಕಾಶವಿತ್ತು. ಈಗಿನ ಬಿಸಿಯೇರಿಕೆ ಒಬ್ಬ ಮನುಷ್ಯನ ಜೀವಮಾನದೊಳಗೇ ನಡೆಯುತ್ತಿದೆ. ಬೇಸಿಗೆ ಬಿಸಿಯಾದಷ್ಟೂ ತರಗೆಲೆ ಬೇಗ ಒಣಗುತ್ತದೆ. ಮುಂಗಾರು ತಡವಾದರೆ ಸಾಲದಂಥ ಬೀಜಕ್ಕೆ ಕಾಯುವ ತಾಳ್ಮೆಯಿಲ್ಲ.

ಉಳಿದಿರುವ ಪ್ರಶ್ನೆ

ಬೆಂಕಿ ಬೇಕೇ ಬೇಡವೇ ಎಂದು ಬೋರಿಯ ಕಾಲದಿಂದ ಕೇಳುತ್ತಾ ಬಂದ ಪ್ರಶ್ನೆಗೆ ಸಸಿಗಳು ಕೊಟ್ಟಿರುವ ಉತ್ತರ ಒಂದೇ ಬಗೆಯದಲ್ಲ. ಬಕ್ಸಾದ ಸಾಲ ಸಸಿ ಬೆಂಕಿ ನಿಂತದ್ದರಿಂದ ಸೋತಿತು. ಮುದುಮಲೆಯ ಸಸಿಗೆ ಬೆಂಕಿ ಪದೇ ಪದೇ ಬೀಳುವುದೇ ಕುತ್ತು. ಯಾವ ಕಾಡಿನಲ್ಲಿ, ಯಾವ ತಿಂಗಳಲ್ಲಿ, ಎಷ್ಟು ವರ್ಷಕ್ಕೊಮ್ಮೆ, ಎಷ್ಟು ಎತ್ತರದ ಬೆಂಕಿ ಎಂಬುದನ್ನು ತೀರ್ಮಾನಿಸದೆ ಸುಡುವುದೂ ತಪ್ಪು, ಸುಡದಿರುವುದೂ ತಪ್ಪಾಗಬಹುದು.

ಇದನ್ನು ತೀರ್ಮಾನಿಸಲು ಬೇಕಾದ ತಿಳಿವಳಿಕೆ ಒಂದೇ ಕಡೆ ಇಲ್ಲ. ಸ್ವಲ್ಪ ವಿಜ್ಞಾನಿಗಳ ಕಡತದಲ್ಲಿದೆ, ಸ್ವಲ್ಪ ಬೆಂಕಿ ರೇಖೆ ಸವರುವ ಕಾವಲುಗಾರರ ಅನುಭವದಲ್ಲಿದೆ, ಉಳಿದದ್ದು ಪೋಡುಗಳ ಹಿರಿಯರ ನೆನಪಿನಲ್ಲಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಲ್ಲಿಯ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳೂ ದೊರೆತವು. ತರಗು ಬೆಂಕಿಯನ್ನು ತಮ್ಮ ಕೈಯಿಂದಲೇ ಇಟ್ಟು, ಅದು ಎಲ್ಲಿ ನಿಲ್ಲುತ್ತದೆಂದು ಬಲ್ಲವರು ಈಗ ಮುಪ್ಪಿನಲ್ಲಿದ್ದಾರೆ. ಅವರನ್ನು ಕೇಳಿ ತಿಳಿಯಲು ಉಳಿದಿರುವ ಕಾಲ, ಕಾಡಿನ ಲೆಕ್ಕದಲ್ಲಿ, ಒಂದು ಸಸಿ ಬೇರು ದಪ್ಪಮಾಡಿಕೊಳ್ಳುವಷ್ಟೂ ಇಲ್ಲ.