ಕಾಳಿಯ ಜಲಯಾನ: ನೀರು ಬಿಟ್ಟಾಗಲಷ್ಟೇ ಹೊಳೆ

ಅಲಾಸ್ಕಾದ ಹಿಮನದಿಗಳ ಬುಡಕ್ಕೆ, ನಾರ್ವೆಯ ಫಿಯೋರ್ಡ್‌ಗಳ ಒಳಗೆ ಹಡಗಿನಲ್ಲಿ ಕರೆದೊಯ್ಯುವ ಪ್ರವಾಸಗಳ ಜಾಹೀರಾತು ಇಂದು ನಮ್ಮ ನಗರಗಳಲ್ಲಿ ಅಪರೂಪವಲ್ಲ. ಬೆಟ್ಟ ಹತ್ತುವ ಶ್ರಮವಿಲ್ಲದೆ, ಕುಳಿತಲ್ಲೇ ಬೆಟ್ಟಗಳು ಎದುರಾಗಿ ಬಂದು ಪಕ್ಕಕ್ಕೆ ಸರಿದು ಹೋಗುವುದನ್ನು ನೋಡುವುದೇ ಈ ಯಾನಗಳ ಸುಖ. ಅಷ್ಟು ದೂರ ಹೋಗಲಾಗದ ಕನ್ನಡಿಗರಿಗೆ ಅದರ ಹತ್ತಿರದ ಅನುಭವ ನೀಡಬಲ್ಲ ನೀರು ಉತ್ತರ ಕನ್ನಡದಲ್ಲೇ ಇದೆ. ಜೋಯಿಡಾ, ದಾಂಡೇಲಿ ತಾಲ್ಲೂಕುಗಳ ಕಾಡಿನ ನಡುವೆ ಹರಿಯುವ ಕಾಳಿ ನದಿಯಲ್ಲಿ ಹಿಮವಿಲ್ಲ. ಆದರೆ ಕಡುಹಸಿರು ಇಳಿಜಾರುಗಳಿವೆ, ಆಳವಾದ ನೀರಿದೆ, ನಡು ಬೇಸಿಗೆಯಲ್ಲೂ ಕೈಯಿಟ್ಟರೆ ತಣ್ಣಗೆನಿಸುವ ಪ್ರವಾಹವಿದೆ. ಈ ನೀರು ಯಾವಾಗ, ಎಷ್ಟು ಹರಿಯಬೇಕೆಂಬುದನ್ನು ಮಾತ್ರ ಬಹುಪಾಲು ನಿರ್ಧರಿಸುವುದು ಮಳೆಯಲ್ಲ, ರಾಜ್ಯದ ವಿದ್ಯುತ್ ಬೇಡಿಕೆ. ಇಲ್ಲಿನ ಸೊಗಸು, ಅಪಾಯ ಎರಡಕ್ಕೂ ಮೂಲ ಇದೇ.

ಜೋಯಿಡಾ ತಾಲ್ಲೂಕಿನ ಡಿಗ್ಗಿ ಗ್ರಾಮದ ಪರಿಸರದಲ್ಲಿ, ಗೋವಾ ಗಡಿಗೆ ತಾಗಿದ ಘಟ್ಟದ ನೆತ್ತಿಯಲ್ಲಿ ಹುಟ್ಟುವ ಕಾಳಿ ಸುಮಾರು 184 ಕಿ.ಮೀ. ಹರಿದು ಕಾರವಾರದ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಈ ದೂರದಲ್ಲಿ ಅದಕ್ಕೆ ಅಡ್ಡಲಾಗಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟೆಗಳಿವೆ. ಹಳಿಯಾಳ ತಾಲ್ಲೂಕಿನ ತಟ್ಟಿಹಳ್ಳಕ್ಕೂ ಒಂದು ಅಣೆಕಟ್ಟೆ ಕಟ್ಟಿ ಅದರ ನೀರನ್ನು ಬೊಮ್ಮನಹಳ್ಳಿ ಜಲಾಶಯಕ್ಕೆ ತಿರುಗಿಸಲಾಗಿದೆ. ಹೀಗಾಗಿ ಉಗಮದಿಂದ ಸಂಗಮದವರೆಗೆ ಒಂದೇ ದೋಣಿಯಲ್ಲಿ ಸಾಗುವ ಮಾತು ಇಲ್ಲಿಲ್ಲ. ಕಾಳಿಯ ಯಾನವೆಂದರೆ ತುಂಡು ತುಂಡಾದ ಯಾನ.

ಗಣೇಶಗುಡಿಯ ಬಳಿ ಇರುವ ಸೂಪಾ ಅಣೆಕಟ್ಟೆ 101 ಮೀಟರ್ ಎತ್ತರದ್ದು. ರಾಜ್ಯದ ಅತಿ ಎತ್ತರದ ಅಣೆಕಟ್ಟೆಗಳಲ್ಲಿ ಅದೂ ಒಂದು. ಸಮುದ್ರಮಟ್ಟದಿಂದ 564 ಮೀಟರ್ ಅದರ ಪೂರ್ಣ ಮಟ್ಟ. ಸಂಗ್ರಹ ಸಾಮರ್ಥ್ಯ ಸುಮಾರು 147 ಟಿಎಂಸಿ ಅಡಿ. ಘಟ್ಟದ ಮಳೆ ಎಷ್ಟೇ ಬಿರುಸಾಗಿದ್ದರೂ ಇಷ್ಟು ದೊಡ್ಡ ಪಾತ್ರೆ ತುಂಬಿ ತುಳುಕುವುದು ಅಪರೂಪ. ಆದ್ದರಿಂದಲೇ ಜಲಾಶಯದ ಅಂಚಿನಲ್ಲಿ ಹೆಚ್ಚಿನ ತಿಂಗಳು ಕೆಂಪು ಮಣ್ಣಿನ ಪಟ್ಟಿಯೊಂದು ಬರಿದಾಗಿ ಕಾಣುತ್ತದೆ. ನೀರು ಇಳಿದಾಗ ಒಣಗಿ ನಿಂತ ಮರಗಳ ಬೊಡ್ಡೆಗಳು ಮೇಲೇಳುತ್ತವೆ. ಛಾಯಾಚಿತ್ರ ತೆಗೆಯುವವರಿಗೆ ಆ ಬೊಡ್ಡೆಗಳು ಬಹಳ ಪ್ರಿಯ. ಅವು ಮುಳುಗಿದ ಕಾಡಿನ ಅವಶೇಷಗಳೆಂಬುದು ಚಿತ್ರದಲ್ಲಿ ಕಾಣುವುದಿಲ್ಲ.

ಕಾಡಿನೊಂದಿಗೆ ಊರೂ ಮುಳುಗಿತು. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವ ಎಡೆಯಲ್ಲಿ ಸೂಪಾ ಎಂಬ ಪಟ್ಟಣವಿತ್ತು. ಇಂದಿನ ಜೋಯಿಡಾ ತಾಲ್ಲೂಕಿಗೆ ಹಿಂದೆ ಸೂಪಾ ತಾಲ್ಲೂಕೆಂದೇ ಹೆಸರು. 1980ರ ದಶಕದಲ್ಲಿ ಜಲಾಶಯದಲ್ಲಿ ನೀರು ನಿಲ್ಲತೊಡಗಿದಾಗ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ಅದರಡಿ ಹೋದವು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ನಿರಾಶ್ರಿತರಾದ ಅನೇಕ ಕುಟುಂಬಗಳು ಅದೇ ತಾಲ್ಲೂಕಿನ ರಾಮನಗರದಲ್ಲಿ ನೆಲೆ ಕಂಡವು. ಮುಳುಗಿದ ಊರಿನ ಹೆಸರು ಈಗ ಅದನ್ನು ಮುಳುಗಿಸಿದ ಅಣೆಕಟ್ಟೆಗೆ ಉಳಿದಿದೆ.

ಫಿಯೋರ್ಡ್ ಎಂದರೇನು ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಸಾವಿರಾರು ವರ್ಷಗಳ ಕಾಲ ಹಿಮನದಿ ಬಂಡೆಯನ್ನು ಉಜ್ಜಿ ಕೊರೆದ ಕಣಿವೆಗೆ, ಹಿಮ ಕರಗಿದ ಮೇಲೆ ಸಮುದ್ರ ನುಗ್ಗಿದರೆ ಅದು ಫಿಯೋರ್ಡ್. ಅಂದರೆ ಅದೂ ಮುಳುಗಿದ ಕಣಿವೆಯೇ. ನಾರ್ವೆಯ ಸೋಗ್ನೆಫಿಯೋರ್ಡ್ 200 ಕಿ.ಮೀ.ಗೂ ಮೀರಿ ಒಳನಾಡಿಗೆ ಚಾಚಿದ್ದು, ಅದರ ಆಳ ಕೆಲವೆಡೆ 1,300 ಮೀಟರ್. ಅಲಾಸ್ಕಾದ ಗ್ಲೇಷಿಯರ್ ಬೇ ಇನ್ನೂ ಎಳೆಯದು. 1794ರಲ್ಲಿ ವ್ಯಾಂಕೂವರ್ ನೌಕಾತಂಡ ಬಂದಾಗ ಕೊಲ್ಲಿಯ ಬಾಯಿಯವರೆಗೂ ಹಿಮವೇ ತುಂಬಿತ್ತು. 1879ರಲ್ಲಿ ಜಾನ್ ಮ್ಯೂರ್ ಅಲ್ಲಿಗೆ ಹೋಗುವ ಹೊತ್ತಿಗೆ ಅದು ಸುಮಾರು 75 ಕಿ.ಮೀ. ಹಿಂದೆ ಸರಿದಿತ್ತು. ಪ್ರಕೃತಿ ಎಂಬತ್ತೈದು ವರ್ಷಗಳಲ್ಲಿ ಮಾಡಿದ ಅಂಥದೇ ಬದಲಾವಣೆಯನ್ನು ಸೂಪಾದಲ್ಲಿ ಮನುಷ್ಯ ಕೆಲವೇ ಮಳೆಗಾಲಗಳಲ್ಲಿ ಮಾಡಿ ಮುಗಿಸಿದ.

ಇನ್ನು ಯಾನದ ಮಾತು. ಪ್ರವಾಸಿಗರು ದಾಂಡೇಲಿಯ ರ‍್ಯಾಫ್ಟಿಂಗ್ ಎಂದು ಕರೆಯುವುದು ವಾಸ್ತವವಾಗಿ ನಡೆಯುವುದು ಸೂಪಾ ಅಣೆಕಟ್ಟೆಯ ಕೆಳಗೆ, ಗಣೇಶಗುಡಿಯಿಂದ ಮಾವಳಂಗಿಯ ಕಡೆಗೆ. ದೀರ್ಘ ಯಾನ ಸುಮಾರು 9 ಕಿ.ಮೀ. ಉದ್ದದ್ದು, ಅದಕ್ಕಿಂತ ಚಿಕ್ಕ ಯಾನಗಳೂ ಉಂಟು. ಗಾಳಿ ತುಂಬಿದ ರಬ್ಬರ್ ದೋಣಿ, ಕೈಯಲ್ಲೊಂದು ಹುಟ್ಟು, ಹಿಂದೆ ಕುಳಿತ ಮಾರ್ಗದರ್ಶಿಯ ಕೂಗು. ಬಂಡೆಗಳ ನಡುವೆ ನೀರು ಇಕ್ಕಟ್ಟಾಗಿ ಧುಮ್ಮಿಕ್ಕುವ ಕಡೆ ಎಲ್ಲರೂ ಒಂದೇ ತಾಳಕ್ಕೆ ಹುಟ್ಟು ಹಾಕಬೇಕು, ಇಲ್ಲವೇ ದೋಣಿ ಅಡ್ಡ ತಿರುಗುತ್ತದೆ. ಎರಡು ರಭಸಗಳ ನಡುವೆ ನೀರು ಒಮ್ಮೆಲೇ ಸುಮ್ಮನಾಗುತ್ತದೆ. ಆಗ ಮಂಗಟ್ಟೆ ಹಕ್ಕಿಗಳು ಜೋಡಿಯಾಗಿ ನದಿ ದಾಟುವ ರೆಕ್ಕೆಸದ್ದು ಕೇಳಿಸಬಹುದು. ಪಶ್ಚಿಮ ಘಟ್ಟದ ನಾಲ್ಕು ಬಗೆಯ ಮಂಗಟ್ಟೆಗಳೂ ಈ ಪರಿಸರದಲ್ಲಿವೆ. 2011ರಲ್ಲಿ ಸುಮಾರು 52 ಚದರ ಕಿ.ಮೀ. ಪ್ರದೇಶವನ್ನು ದಾಂಡೇಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನನ್ನ ಮಟ್ಟಿಗೆ ಇಡೀ ಯಾನದಲ್ಲಿ ಹಣಕ್ಕೆ ತಕ್ಕ ಭಾಗವೆಂದರೆ ಈ ಮೌನದ ನೀರೇ.

ಮಲೆನಾಡಿನ ಬಹುತೇಕ ಹೊಳೆಗಳು ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ತೋರಿಸಿ ಮಲಗಿರುವಾಗ ಕಾಳಿಯ ಈ ತುಣುಕು ಹೇಗೆ ಉಕ್ಕುತ್ತದೆ? ಅಣೆಕಟ್ಟೆಯ ಬುಡದಲ್ಲೇ 100 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಅದನ್ನು ದಾಟಿದ ನೀರು ದಾಂಡೇಲಿಯ ಮೂಲಕ ಬೊಮ್ಮನಹಳ್ಳಿ ಸೇರಿ, ಅಲ್ಲಿಂದ ಸುರಂಗ ಹೊಕ್ಕು, ಘಟ್ಟದ ಬುಡದ ನಾಗಝರಿ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ನಾಗಝರಿಯ ಸಾಮರ್ಥ್ಯ ಸುಮಾರು 900 ಮೆಗಾವಾಟ್. ಮಳೆಗಾಲದಲ್ಲಿ ನೀರನ್ನು ಕೂಡಿಡುವುದು, ಬೇಸಿಗೆಯಲ್ಲಿ ಬೇಡಿಕೆ ಏರಿದಾಗ ಬಿಡುವುದು ಕರ್ನಾಟಕ ವಿದ್ಯುತ್ ನಿಗಮದ ಲೆಕ್ಕಾಚಾರ. ನಗರದಲ್ಲಿ ಫ್ಯಾನುಗಳು, ಹೊಲದಲ್ಲಿ ಪಂಪ್‌ಸೆಟ್ಟುಗಳು ಹೆಚ್ಚು ತಿರುಗಿದಷ್ಟೂ ಗಣೇಶಗುಡಿಯಲ್ಲಿ ಅಲೆ ಎತ್ತರ. ಜಲಾಶಯದ ಆಳದ ನೀರಿಗೆ ಬಿಸಿಲು ತಾಗುವುದಿಲ್ಲವಾದ್ದರಿಂದ ಹೊರಬರುವ ಪ್ರವಾಹ ತಂಪಾಗಿರುತ್ತದೆ. ಅಕ್ಟೋಬರ್ ಬಳಿಕ ಆರಂಭವಾಗುವ ರ‍್ಯಾಫ್ಟಿಂಗ್ ಮುಂಗಾರು ಬಿರುಸಾಗುವ ಮುನ್ನ ಮುಗಿಯುತ್ತದೆ. ಹೊಳೆಯ ಸಹಜ ಋತುಚಕ್ರ ಇಲ್ಲಿ ತಲೆಕೆಳಗಾಗಿದೆ.

ಅಪಾಯವೂ ಇಲ್ಲಿಂದಲೇ. ಬೆಳಿಗ್ಗೆ ಮೊಣಕಾಲುದ್ದ ನೀರಿದ್ದ ಕಡೆ ಯಂತ್ರಗಳು ಚಾಲೂ ಆದ ಸ್ವಲ್ಪ ಹೊತ್ತಿಗೆ ಎದೆಮಟ್ಟ ಬರಬಹುದು. ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕುಳಿತವರಿಗೆ ಮೋಡವಾಗಲಿ ಮಳೆಯಾಗಲಿ ಮುನ್ಸೂಚನೆ ಕೊಡುವುದಿಲ್ಲ. ಸ್ಥಳೀಯರು ಇದನ್ನು ಬಲ್ಲರು. ವಾರಾಂತ್ಯಕ್ಕೆ ಬಂದವರಿಗೆ ತಿಳಿದಿರುವುದಿಲ್ಲ. ಇನ್ನೊಂದು ಅಪಾಯ ಮನುಷ್ಯರ ಆತುರದ್ದು. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿಯ ಬಳಿ ಮಿತಿಗಿಂತ ಹೆಚ್ಚು ಜನರನ್ನು ಹೇರಿಕೊಂಡ ರ‍್ಯಾಫ್ಟ್ ಒಂದು ರಭಸದ ನೀರಿನಲ್ಲಿ ಸಿಲುಕಿತು; ಪ್ರವಾಸಿಗರನ್ನು ರಕ್ಷಿಸಲಾಯಿತಾದರೂ ದೃಶ್ಯ ಎಲ್ಲೆಡೆ ಹರಿದಾಡಿ, ಜಿಲ್ಲಾಡಳಿತ ಜಲಕ್ರೀಡೆಗಳನ್ನೇ ಕೆಲಕಾಲ ನಿಲ್ಲಿಸಿತು. ನದಿಮುಖದಲ್ಲಿ ಅದೃಷ್ಟ ಅಷ್ಟು ಒಳ್ಳೆಯದಿರಲಿಲ್ಲ. 2019ರ ಜನವರಿ 21ರಂದು ಕಾರವಾರದೆದುರಿನ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಅಂದು ಹತ್ತಿದವರಲ್ಲಿ ಮಕ್ಕಳೂ ಇದ್ದರು.

ನಿಯಂತ್ರಣದ ಮಾತು ಬಂದಾಗ ಉತ್ತರದ ನಾಡುಗಳು ಕಲಿಸುವುದುಂಟು. ಗ್ಲೇಷಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಕ್ಕೆ ದಿನಕ್ಕೆ ಎರಡಕ್ಕಿಂತ ಹೆಚ್ಚು ದೊಡ್ಡ ಪ್ರವಾಸಿ ಹಡಗುಗಳಿಗೆ ಪ್ರವೇಶವಿಲ್ಲ. ನಾರ್ವೆ ತನ್ನ ವಿಶ್ವ ಪರಂಪರೆಯ ಫಿಯೋರ್ಡ್‌ಗಳಲ್ಲಿ ಹೊಗೆಯುಗುಳುವ ಹಡಗುಗಳನ್ನು ಹಂತಹಂತವಾಗಿ ನಿಲ್ಲಿಸುವ ನಿಯಮ ಮಾಡಿದೆ. ಚಿಕ್ಕ ಹಡಗುಗಳಿಗೆ ಅದು 2026ರಿಂದ, ದೊಡ್ಡವಕ್ಕೆ 2032ರಿಂದ. ಕಾಳಿಯ ದಡ ಹುಲಿ ಸಂರಕ್ಷಿತ ಪ್ರದೇಶದ ನೆರೆ. 2007ರಲ್ಲಿ ದಾಂಡೇಲಿ-ಅಣಶಿ ಎಂದು ಘೋಷಿತವಾದ ಈ ಪ್ರದೇಶಕ್ಕೆ 2015ರಲ್ಲಿ ನದಿಯ ಹೆಸರನ್ನೇ ಇಡಲಾಯಿತು. ದಿನಕ್ಕೆ ಎಷ್ಟು ದೋಣಿ ಎಂಬ ಪ್ರಶ್ನೆಯನ್ನು ಅವಘಡವಾದ ಮರುದಿನ ಮಾತ್ರ ಕೇಳುವುದು ನಮ್ಮ ರೂಢಿ.

ರಭಸ ಬೇಡವೆನ್ನುವವರಿಗೆ ದಾಂಡೇಲಿಯ ಸಮೀಪದ ಹರಿಗೋಲು ಸವಾರಿ ಹಿತ. ಬಿದಿರಿನ ಬುಟ್ಟಿಯಂಥ ದೋಣಿ ನಿಧಾನ ತಿರುಗುತ್ತ ಸಾಗುತ್ತದೆ. ಎರಡೂ ದಡ ಸರದಿಯಂತೆ ಕಣ್ಣಿಗೆ ಬೀಳುತ್ತವೆ. ಆದರೆ ಇಲ್ಲಿ ಕೈ ನೀರಿಗಿಳಿಸಬಾರದು. ದಾಂಡೇಲಿಯ ಸುತ್ತಲಿನ ನೀರಿನಲ್ಲಿ ಮೊಸಳೆಗಳಿವೆ. ದಡದ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಅವು ದೋಣಿಯಿಂದ ನೋಡಲು ಚೆನ್ನ; ಪಟ್ಟಣದ ಅಂಚಿನಲ್ಲಿ ಅವುಗಳ ದಾಳಿಯಿಂದ ಜೀವಹಾನಿಯೂ ಆಗಿದೆ. ಬೊಮ್ಮನಹಳ್ಳಿಯ ಕೆಳಗೆ ನದಿ ಘಟ್ಟವಿಳಿದು ಕೊಡಸಳ್ಳಿ, ಕೈಗಾ, ಕದ್ರಾಗಳನ್ನು ಹಾದುಹೋಗುತ್ತದೆ. ಮುಂದೆ ಕಾರವಾರದ ಅಳಿವೆಯಲ್ಲಿ ಕಾಂಡ್ಲಾ ಕಾಡು, ಉಪ್ಪುನೀರು, ಮೀನುಗಾರರ ದೋಣಿಗಳು. ಅಲ್ಲಿ ಸದಾಶಿವಗಡಕ್ಕೆ ಸಾಗುವ ಹೆದ್ದಾರಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕನ ಜೀವ ಉಳಿಯಿತು.

ಹಿಮದ ನಾಡಿನ ಮಾತೇ ಬೇಕೆಂಬವರು ಹಳಿಯಾಳದ ಆಗ್ನೇಯಕ್ಕಿರುವ ಮುಂಡಗೋಡಕ್ಕೆ ಹೋಗಬಹುದು. 1966ರಲ್ಲಿ ಆರಂಭವಾದ ಅಲ್ಲಿನ ಟಿಬೆಟನ್ ನೆಲೆಯಲ್ಲಿ ಡ್ರೆಪುಂಗ್, ಗಾಂದೆನ್ ಮಠಗಳು ಮರುಹುಟ್ಟು ಪಡೆದಿವೆ. ನಿಜವಾದ ಹಿಮನದಿಗಳ ಕೆಳಗೆ ಹುಟ್ಟಿದ ಹಿರಿಯರು ಇಲ್ಲಿ ಕಾಡು ಕಡಿದ ನೆಲದಲ್ಲಿ ಮೆಕ್ಕೆಜೋಳ ಬೆಳೆದರು.

ದಾಂಡೇಲಿ ಧಾರವಾಡದಿಂದ ಸುಮಾರು 55, ಹುಬ್ಬಳ್ಳಿಯಿಂದ ಸುಮಾರು 75 ಕಿ.ಮೀ. ದೂರದಲ್ಲಿದೆ, ಗಣೇಶಗುಡಿಗೆ ಅಲ್ಲಿಂದ ಜೋಯಿಡಾ ದಿಕ್ಕಿನಲ್ಲಿ ಮುಂದುವರಿಯಬೇಕು. ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಎರಡು ವಸತಿ ತಾಣಗಳು ಈ ಭಾಗದಲ್ಲಿವೆ. ಗಣೇಶಗುಡಿಯಲ್ಲಿರುವುದರ ಹೆಸರು ಓಲ್ಡ್ ಮ್ಯಾಗಜಿನ್ ಹೌಸ್. ಅಣೆಕಟ್ಟೆ ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಕಟ್ಟಡವದು. ದೋಣಿ ಹತ್ತುವ ಮುನ್ನ ಲೈಫ್ ಜಾಕೆಟ್‌ನ ಪಟ್ಟಿಗಳನ್ನು ಸ್ವತಃ ಬಿಗಿದು ನೋಡಿ, ಹೆಲ್ಮೆಟ್ ಧರಿಸಿ, ದೋಣಿಯ ಮಿತಿ ಎಷ್ಟು ಮಂದಿಯದೆಂದು ಕೇಳಿ ತಲೆ ಎಣಿಸಿರಿ. ಅಂದು ನೀರು ಬಿಡುವ ಹೊತ್ತು ಯಾವುದೆಂಬುದನ್ನೂ ಮಾರ್ಗದರ್ಶಿಯಿಂದ ತಿಳಿದುಕೊಳ್ಳಿರಿ. ವಿದ್ಯುತ್ ಬೇಡಿಕೆ ಕಡಿಮೆಯಿದ್ದು ನೀರು ಬಿಡದ ದಿನ ಯಾನ ರದ್ದಾಗುವುದೂ ಉಂಟು; ಮುಂಗಡ ಕೊಡುವಾಗ ಆ ಮಾತನ್ನೂ ಆಡಿಕೊಂಡಿರುವುದು ಕ್ಷೇಮ.