ಪ್ರಶ್ನೆಯ ರೂಪ, ಅರಿವಿನ ಅಳತೆ: ಜಿ.ಆರ್.ಇ. ಪರೀಕ್ಷೆಯ ಪ್ರಶ್ನೆಬಗೆಗಳ ಚರಿತ್ರೆ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪ್ರವೇಶ ಬಯಸುವವರು ಬರೆಯುವ ಜಿ.ಆರ್.ಇ. ಪರೀಕ್ಷೆಯಿಂದ 2011ರ ಆಗಸ್ಟ್ 1ರಂದು ಎರಡು ಬಗೆಯ ಪ್ರಶ್ನೆಗಳು ನಿರ್ಗಮಿಸಿದವು. ಒಂದು, ಕೊಟ್ಟ ಪದಕ್ಕೆ ವಿರುದ್ಧಾರ್ಥಕವನ್ನು ಆರಿಸುವ ಪ್ರಶ್ನೆ. ಇನ್ನೊಂದು, ಎರಡು ಪದಗಳ ನಡುವಣ ಸಂಬಂಧವನ್ನು ಗುರುತಿಸಿ ಅದೇ ಸಂಬಂಧವುಳ್ಳ ಮತ್ತೊಂದು ಜೋಡಿಯನ್ನು ಆರಿಸುವ ಸಾದೃಶ್ಯ ಪ್ರಶ್ನೆ. ಹಲವು ದಶಕಗಳ ಕಾಲ ಲಕ್ಷಾಂತರ ವಿದ್ಯಾರ್ಥಿಗಳ ಭಾಷಾಸಾಮರ್ಥ್ಯವನ್ನು ಈ ಎರಡು ರೂಪಗಳ ಮೂಲಕವೂ ಅಳೆಯಲಾಗಿತ್ತು. ಅವು ಹೋದದ್ದನ್ನು ಬಹುಮಂದಿ ಪರೀಕ್ಷಾಕ್ರಮದ ಒಂದು ತಾಂತ್ರಿಕ ಪರಿಷ್ಕರಣವೆಂದೇ ಬಗೆದರು. ಆದರೆ ಪ್ರಶ್ನೆಯ ರೂಪವೆಂಬುದು ಯಾವುದನ್ನು ಅರಿವೆಂದು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದರ ಬಗೆಗಿನ ಒಂದು ಸಿದ್ಧಾಂತವೂ ಹೌದು. ಆ ಸಿದ್ಧಾಂತಗಳು ಎಲ್ಲಿಂದ ಬಂದವು, ಯಾವ ಕಾರಣಕ್ಕೆ ಹೋದವು ಎಂಬುದನ್ನು ಪರಿಶೀಲಿಸುವುದು ಎರಡು ಭಾಷೆಗಳಲ್ಲಿ ಬದುಕುವವರಿಗೆ ಅನಗತ್ಯ ಕುತೂಹಲವಲ್ಲ.

ಜಿ.ಆರ್.ಇ. ಎಂಬ ಹೆಸರಿನ ನಡುವಿನ ಅಕ್ಷರ ‘ರೆಕಾರ್ಡ್’ ಎಂಬುದನ್ನು ಸೂಚಿಸುತ್ತದೆ, ಎಂದರೆ ದಾಖಲೆ. 1930ರ ದಶಕದ ನಡುಭಾಗದಲ್ಲಿ ಕಾರ್ನೆಗಿ ಪ್ರತಿಷ್ಠಾನವು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ಸಹಕಾರದಿಂದ ಈ ಪರೀಕ್ಷೆಯನ್ನು ಆರಂಭಿಸಿದಾಗ ಉದ್ದೇಶವಿದ್ದದ್ದು ಪದವಿ ವ್ಯಾಸಂಗದಲ್ಲಿ ವಿದ್ಯಾರ್ಥಿಯು ನಿಜವಾಗಿ ಕಲಿತದ್ದೇನು ಎಂಬುದನ್ನು ದಾಖಲಿಸುವುದು. ಗಣಿತ, ವಿಜ್ಞಾನ, ಸಮಾಜಾಧ್ಯಯನ, ಸಾಹಿತ್ಯ, ಲಲಿತಕಲೆ ಮೊದಲಾದ ಕ್ಷೇತ್ರಗಳ ಜ್ಞಾನವನ್ನು ಅದು ಕೇಳುತ್ತಿತ್ತು. 1947ರಲ್ಲಿ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್, ಸಂಕ್ಷೇಪದಲ್ಲಿ ಇ.ಟಿ.ಎಸ್., ಸ್ಥಾಪನೆಯಾಗಿ ಈ ಪರೀಕ್ಷೆಯ ಹೊಣೆ ಅದರ ಕೈಸೇರಿತು. 1949ರಲ್ಲಿ ಭಾಷೆ ಮತ್ತು ಗಣಿತಗಳೆಂಬ ಎರಡು ಅಂಗಗಳುಳ್ಳ ‘ಆಪ್ಟಿಟ್ಯೂಡ್’ ಪರೀಕ್ಷೆ ಸೇರ್ಪಡೆಯಾಯಿತು. ಕಲಿತದ್ದನ್ನು ದಾಖಲಿಸುವ ಉದ್ದೇಶದ ಪಕ್ಕದಲ್ಲಿ, ಕಲಿಯಬಲ್ಲ ಸಹಜ ಸಾಮರ್ಥ್ಯವನ್ನು ಊಹಿಸುವ ಉದ್ದೇಶವೂ ಬಂದು ಕುಳಿತಿತು. ಕಾಲಕ್ರಮದಲ್ಲಿ ಅದೇ ಮನೆಯ ಯಜಮಾನಿಕೆ ವಹಿಸಿತು.

ಸಾಮರ್ಥ್ಯವನ್ನು ಅಳೆಯುವ ಪ್ರಶ್ನೆಗಳ ವಂಶಾವಳಿ ಇನ್ನೂ ಹಿಂದಕ್ಕೆ ಹೋಗುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರನ್ನು ವರ್ಗೀಕರಿಸಲು ‘ಆರ್ಮಿ ಆಲ್ಫಾ’ ಎಂಬ ಬುದ್ಧಿಪರೀಕ್ಷೆಯನ್ನು ಬಳಸಿತು. ಅದರ ಎಂಟು ಭಾಗಗಳಲ್ಲಿ ಸಮಾನಾರ್ಥ-ವಿರುದ್ಧಾರ್ಥಗಳದ್ದು ಒಂದು, ಸಾದೃಶ್ಯಗಳದ್ದು ಮತ್ತೊಂದು. ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್ ಈ ಸೇನಾ ಪರೀಕ್ಷೆಯ ಅಂಕಿಅಂಶಗಳನ್ನು ಆಧರಿಸಿ 1923ರಲ್ಲಿ ಒಂದು ಗ್ರಂಥ ಪ್ರಕಟಿಸಿದ. ಉತ್ತರ ಯೂರೋಪಿನ ಮೂಲದವರು ಬುದ್ಧಿಯಲ್ಲಿ ಮೇಲು, ಪೂರ್ವ ಮತ್ತು ದಕ್ಷಿಣ ಯೂರೋಪಿನಿಂದ ಬಂದ ವಲಸಿಗರು ಕೆಳಗು ಎಂಬುದು ಅದರ ತೀರ್ಮಾನ. ಪದವಿ ಪ್ರವೇಶದ ಎಸ್.ಎ.ಟಿ. ಪರೀಕ್ಷೆಯನ್ನು ರೂಪಿಸಿದ ಸಮಿತಿಗೂ ಅವನೇ ನಾಯಕ. 1926ರ ಜೂನ್‌ನಲ್ಲಿ ಮೊದಲ ಬಾರಿಗೆ ನಡೆದ ಆ ಪರೀಕ್ಷೆಯಲ್ಲಿ ವಿರುದ್ಧಾರ್ಥಕಗಳೂ ಸಾದೃಶ್ಯಗಳೂ ಇದ್ದವು. ಹೀಗೆ ಸೈನ್ಯದ ಶಿಬಿರದಿಂದ ಪದವಿ ಕಾಲೇಜಿಗೆ, ಅಲ್ಲಿಂದ ಸ್ನಾತಕೋತ್ತರ ಶಾಲೆಗೆ ಒಂದೇ ಪ್ರಶ್ನೆಬಗೆ ನಡೆದುಬಂದಿತು.

ಇದೇ ಬ್ರಿಗಮ್ 1930ರಲ್ಲಿ ತನ್ನ ತೀರ್ಮಾನವನ್ನು ತಾನೇ ಹಿಂತೆಗೆದುಕೊಂಡ. ವಲಸಿಗ ಸಮುದಾಯಗಳ ಬುದ್ಧಿಪರೀಕ್ಷೆಗಳನ್ನು ಕುರಿತ ಆ ಲೇಖನದಲ್ಲಿ ಅವನು ಒಪ್ಪಿಕೊಂಡ ಮಾತಿನ ಸಾರ ಹೀಗಿದೆ: ಒಂದು ಭಾಷೆಯಲ್ಲಿರುವ ಪರೀಕ್ಷೆಯಿಂದ ವ್ಯಕ್ತಿಗಳನ್ನು ಅಥವಾ ಗುಂಪುಗಳನ್ನು ಹೋಲಿಸಬೇಕಾದರೆ, ಅವರೆಲ್ಲರಿಗೂ ಆ ಭಾಷೆಯನ್ನು ಕಲಿಯುವ ಅವಕಾಶ ಸಮಾನವಾಗಿ ದೊರೆತಿರಬೇಕು, ಮನೆಯಲ್ಲಿ ಬೇರೊಂದು ಭಾಷೆಯನ್ನೋ ಎರಡು ಭಾಷೆಗಳನ್ನೋ ಆಡುವವರ ನಡುವೆ ಅಂತಹ ಹೋಲಿಕೆ ಸಲ್ಲದು. ತನ್ನ ಹಿಂದಿನ ಅಧ್ಯಯನಕ್ಕೆ ಆಧಾರವೇ ಇಲ್ಲವೆಂದೂ ಅವನು ನಿಸ್ಸಂಕೋಚವಾಗಿ ಹೇಳಿದ. ಪರೀಕ್ಷಾಶಾಸ್ತ್ರದ ಚರಿತ್ರೆಯಲ್ಲಿ ಇಷ್ಟು ಸ್ಪಷ್ಟವಾದ ಸ್ವಖಂಡನೆ ಅಪರೂಪ. ಆದರೂ ಖಂಡನೆ ಗ್ರಂಥಾಲಯದಲ್ಲಿ ಉಳಿಯಿತು, ಪ್ರಶ್ನೆಬಗೆ ಪರೀಕ್ಷಾ ಕೊಠಡಿಯಲ್ಲಿ ಮುಂದುವರಿಯಿತು. ಎಸ್.ಎ.ಟಿ.ಯಿಂದ ವಿರುದ್ಧಾರ್ಥಕಗಳು ಹೊರಬಿದ್ದದ್ದು 1994ರಲ್ಲಿ, ಸಾದೃಶ್ಯಗಳು 2005ರಲ್ಲಿ, ಜಿ.ಆರ್.ಇ. ಇನ್ನೂ ಆರು ವರ್ಷ ತಡಮಾಡಿತು.

ಈ ಪ್ರಶ್ನೆಗಳಲ್ಲಿ ತೊಡಕು ಎಲ್ಲಿದೆ ಎಂಬುದನ್ನು ನಮ್ಮ ಭಾಷೆಯ ಒಂದು ಪದದಿಂದಲೇ ನೋಡಬಹುದು. ‘ಮಡಿ’ ಎಂಬುದರ ವಿರುದ್ಧ ಪದ ಯಾವುದು? ಮನೆಯಲ್ಲಿ ಕನ್ನಡ ಕೇಳಿ ಬೆಳೆದವರಿಗೆ ‘ಮೈಲಿಗೆ’ ಎಂಬ ಉತ್ತರ ಕ್ಷಣದಲ್ಲಿ ಹೊಳೆಯುತ್ತದೆ. ನಿಘಂಟಿನಿಂದ ಕನ್ನಡ ಕಲಿತವರ ಮುಂದೆ ಬಟ್ಟೆಯ ಮಡಿಕೆ, ಕಾಯಿಪಲ್ಲೆಯ ಪಾತಿ, ಇಮ್ಮಡಿ ಮುಮ್ಮಡಿಗಳ ಗುಣಕ, ಯುದ್ಧದಲ್ಲಿ ಸಾಯುವುದು ಎಲ್ಲವೂ ಸಾಲಾಗಿ ನಿಲ್ಲುತ್ತವೆ. ಅವರಿಗೆ ಅರಿವು ಕಡಿಮೆಯೆಂದಲ್ಲ. ಬಹುಶಃ ಅರ್ಥಗಳ ಎಣಿಕೆಯಲ್ಲಿ ಅವರೇ ಮುಂದು. ಕೊರತೆಯಾದದ್ದು ಸಂದರ್ಭ. ವಾಕ್ಯದಿಂದ ಕಿತ್ತು ತಂದ ಪದವು ಅದನ್ನು ಆಡಿ ಬೆಳೆದ ಮನೆಯವರನ್ನು ಮಾತ್ರ ಗುರುತು ಹಿಡಿಯುತ್ತದೆ. ಸಾದೃಶ್ಯದ ಪ್ರಶ್ನೆಗೂ ಇದೇ ಮಿತಿ ಉಂಟು. ಓಟಗಾರನಿಗೆ ಮ್ಯಾರಥಾನ್ ಹೇಗೋ ಹುಟ್ಟುಹಾಕುವವನಿಗೆ ‘ರೆಗಾಟಾ’ ಎಂಬ ದೋಣಿಸ್ಪರ್ಧೆ ಹಾಗೆ ಎಂಬ ಉತ್ತರವುಳ್ಳ ಎಸ್.ಎ.ಟಿ. ಪ್ರಶ್ನೆಯೊಂದು ಅಮೆರಿಕದ ಚರ್ಚೆಗಳಲ್ಲಿ ಪದೇ ಪದೇ ಉದಾಹರಣೆಯಾಗಿ ಬಂದದ್ದು ಇದಕ್ಕಾಗಿಯೇ. ಸಂಬಂಧವನ್ನು ಗ್ರಹಿಸುವ ಶಕ್ತಿ ಎಲ್ಲ ಸ್ತರದ ಮಕ್ಕಳಿಗೂ ಇರಬಹುದು. ಆ ಪದದ ಪರಿಚಯ ದೋಣಿಸ್ಪರ್ಧೆ ನಡೆಸುವ ಸ್ತರದ ಮನೆಗಳಲ್ಲಿ ಹೆಚ್ಚು.

ಭಾರತದಿಂದ ಹೊರಟ ವಿದ್ಯಾರ್ಥಿಗಳು ಈ ಅಂತರವನ್ನು ಕಂಠಪಾಠದಿಂದ ತುಂಬಿಕೊಂಡರು. ಸಾವಿರಾರು ವಿರಳ ಇಂಗ್ಲಿಷ್ ಪದಗಳ ಅಕಾರಾದಿ ಪಟ್ಟಿಗಳು ಬೆಂಗಳೂರು, ಹೈದರಾಬಾದ್, ಚೆನ್ನೈಗಳ ತರಬೇತಿ ಕೇಂದ್ರಗಳಲ್ಲಿ ದಿನಕ್ಕಿಷ್ಟೆಂದು ಹಂಚಿಕೆಯಾದವು. ಪದಗಳನ್ನು ಬಾಯಿಪಾಠ ಮಾಡುವುದು ನಮಗೆ ಹೊಸತಲ್ಲ. ಆದರೆ ಅಮರಕೋಶ ಪದಗಳನ್ನು ಅರ್ಥವರ್ಗಗಳಲ್ಲಿ ಜೋಡಿಸಿ ಛಂದಸ್ಸಿನಲ್ಲಿ ಹೇಳುತ್ತದೆ. ಕಲಿತವನು ಅದನ್ನು ಕಾವ್ಯವನ್ನು ಓದುವಾಗ, ಕಟ್ಟುವಾಗ ಬಳಸುತ್ತಾನೆ. ಪರೀಕ್ಷೆಯ ಪಟ್ಟಿಗೆ ಅಂತಹ ಉತ್ತರಕಾಂಡವಿರಲಿಲ್ಲ. ಪರೀಕ್ಷೆಯ ಮರುದಿನದಿಂದ ಆ ಪದಗಳಿಗೆ ಬಾಳುವ ವಾಕ್ಯಗಳೇ ದೊರೆಯುತ್ತಿರಲಿಲ್ಲ.

ತರ್ಕವನ್ನು ಭಾಷೆಯಿಂದ ಬಿಡಿಸಿ ಅಳೆಯುವ ಪ್ರಯತ್ನವೂ ನಡೆಯಿತು. 1977ರಲ್ಲಿ ಜಿ.ಆರ್.ಇ.ಗೆ ವಿಶ್ಲೇಷಣಾ ವಿಭಾಗವೊಂದು ಸೇರಿತು. ಅದರಲ್ಲಿದ್ದ ‘ವಿವರಣೆಗಳ ವಿಶ್ಲೇಷಣೆ’ ಮತ್ತು ‘ತಾರ್ಕಿಕ ರೇಖಾಚಿತ್ರ’ ಎಂಬ ಎರಡು ಬಗೆಗಳು ಅಲ್ಪಕಾಲದ ತರಬೇತಿಗೇ ಮಣಿಯುತ್ತವೆಂದು ಕಂಡುಬಂದು 1981ರಲ್ಲಿ ಅವುಗಳನ್ನು ಕೈಬಿಡಲಾಯಿತು. ಮುಂದಿನ ವರ್ಷ ಪರೀಕ್ಷೆಯ ಹೆಸರಿನಿಂದ ‘ಆಪ್ಟಿಟ್ಯೂಡ್’ ಎಂಬ ಪದವೂ ಹೋಗಿ ‘ಸಾಮಾನ್ಯ ಪರೀಕ್ಷೆ’ ಎಂದಾಯಿತು. ತರಬೇತಿಯಿಂದ ಹೆಚ್ಚಿಸಬಹುದಾದದ್ದನ್ನು ಸಹಜ ಸಾಮರ್ಥ್ಯವೆಂದು ಕರೆಯುವುದು ಕಷ್ಟವಾಗಿತ್ತು. ಉಳಿದ ವಿಶ್ಲೇಷಣಾ ಪ್ರಶ್ನೆಗಳು 2002ರವರೆಗೆ ಬಾಳಿದವು.

ನಡುವೆ ಗಣಕಯಂತ್ರ ಬಂದಿತು. 1993ರಿಂದ ಪರೀಕ್ಷಾರ್ಥಿಯ ಉತ್ತರವನ್ನು ನೋಡಿ ಮುಂದಿನ ಪ್ರಶ್ನೆಯ ಕಾಠಿಣ್ಯವನ್ನು ನಿರ್ಧರಿಸುವ ಹೊಂದಿಕೆಯ ಪದ್ಧತಿ ಬಳಕೆಗೆ ಬಂದಿತು. ಒಂದು ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ, ಹಿಂದಿರುಗಿ ತಿದ್ದುವಂತಿಲ್ಲ. ಪರೀಕ್ಷೆ ವರ್ಷವಿಡೀ ನಡೆಯುವುದರಿಂದ ಅವೇ ಪ್ರಶ್ನೆಗಳು ಮರಳಿ ಮರಳಿ ಬರುತ್ತಿದ್ದವು. 1994ರಲ್ಲಿ ಕ್ಯಾಪ್ಲನ್ ಎಂಬ ತರಬೇತಿ ಸಂಸ್ಥೆ ತನ್ನ ನೌಕರರನ್ನೇ ಪರೀಕ್ಷೆಗೆ ಕೂರಿಸಿ, ಅವರು ನೆನಪಿನಲ್ಲಿ ಹೊತ್ತು ತಂದ ಪ್ರಶ್ನೆಗಳನ್ನು ಇ.ಟಿ.ಎಸ್. ಮುಂದಿಟ್ಟು ದೌರ್ಬಲ್ಯವನ್ನು ತೋರಿಸಿತು, ಇ.ಟಿ.ಎಸ್. ಕೆಲವು ದಿನ ಗಣಕ ಪರೀಕ್ಷೆಯನ್ನು ನಿಲ್ಲಿಸಿತು, ಕ್ಯಾಪ್ಲನ್ ಮೇಲೆ ದಾವೆ ಹೂಡಿತು. 2002ರಲ್ಲಿ ಚೀನಾ ಮತ್ತು ಕೊರಿಯಾದ ಜಾಲತಾಣಗಳಲ್ಲಿ ನೆನಪಿನಿಂದ ಬರೆದ ಪ್ರಶ್ನೆಗಳು ಕಾಣಿಸಿಕೊಂಡಾಗ ಅಲ್ಲಿ ಗಣಕ ಪರೀಕ್ಷೆಯನ್ನು ರದ್ದುಪಡಿಸಿ ಕಾಗದಕ್ಕೆ ಮರಳಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಹು ಆಯ್ಕೆಯ ವಿಶ್ಲೇಷಣಾ ವಿಭಾಗದ ಸ್ಥಾನಕ್ಕೆ ಎರಡು ಪ್ರಬಂಧಗಳು ಬಂದವು: ಒಂದು ವಿಷಯದ ಬಗೆಗೆ ಸ್ವಂತ ನಿಲುವನ್ನು ಮಂಡಿಸುವುದು, ಇನ್ನೊಬ್ಬರ ವಾದದ ದೋಷಗಳನ್ನು ಪರೀಕ್ಷಿಸುವುದು.

ಸಮಗ್ರ ಪರಿಷ್ಕರಣವೊಂದನ್ನು 2007ರಲ್ಲಿ ಜಾರಿಗೆ ತರುವ ಯೋಜನೆಯಿತ್ತು. ಅದು ಆರಂಭಕ್ಕೆ ಮುನ್ನವೇ ರದ್ದಾಯಿತು. 2011ರಲ್ಲಿ ಬಂದ ಹೊಸ ರೂಪದಲ್ಲಿ ಬಿಡಿಪದಗಳ ಸ್ಥಾನವನ್ನು ವಾಕ್ಯ ಪಡೆಯಿತು. ಕಿರುಗದ್ಯದ ಒಂದರಿಂದ ಮೂರು ಬಿಟ್ಟ ಸ್ಥಳಗಳನ್ನು ಪರಸ್ಪರ ಹೊಂದುವಂತೆ ತುಂಬುವುದು ಒಂದು ಬಗೆ. ಒಂದೇ ವಾಕ್ಯಕ್ಕೆ ಸಮಾನ ಅರ್ಥ ಕೊಡುವ ಎರಡು ಪದಗಳನ್ನು ಆರರೊಳಗಿಂದ ಆರಿಸುವುದು ಇನ್ನೊಂದು. ವಿಭಾಗದೊಳಗೆ ಹಿಂದಿರುಗಿ ಉತ್ತರ ತಿದ್ದುವ ಅವಕಾಶವೂ ದೊರೆಯಿತು. ಪದಸಂಪತ್ತಿನ ಭಾರ ಪೂರ್ತಿ ಇಳಿಯಲಿಲ್ಲವಾದರೂ, ಸಂದರ್ಭದಿಂದ ಅರ್ಥವನ್ನು ಊಹಿಸುವ ಕೌಶಲಕ್ಕೆ, ಅಂದರೆ ಎರಡನೆಯ ಭಾಷೆಯಲ್ಲಿ ಓದುವವರು ದಿನನಿತ್ಯ ಮಾಡುವ ಕೆಲಸಕ್ಕೆ, ಹೆಚ್ಚಿನ ಬೆಲೆ ಬಂದಿತು.

ಆದರೆ ಈ ದಿಕ್ಕಿನ ನಡಿಗೆ ನೇರವಾಗಿ ಸಾಗಲಿಲ್ಲ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆಯ ಅವಧಿ ಮೂರು ಮುಕ್ಕಾಲು ಗಂಟೆಯಿಂದ ಎರಡು ಗಂಟೆಗಿಂತ ಕೆಳಕ್ಕೆ ಇಳಿಯಿತು. ಭಾಷೆಗೆ 27, ಗಣಿತಕ್ಕೆ 27 ಪ್ರಶ್ನೆಗಳು ಉಳಿದವು. ವಾದವನ್ನು ಪರೀಕ್ಷಿಸುವ ಪ್ರಬಂಧ ಹೊರಟುಹೋಯಿತು. ಅನೇಕ ವಿಭಾಗಗಳು ಜಿ.ಆರ್.ಇ. ಅಂಕಗಳನ್ನೇ ಕೇಳದಿರುವ ಕಾಲದಲ್ಲಿ ಉದ್ದವಾದ ಪರೀಕ್ಷೆ ಯಾರಿಗೂ ಬೇಡವಾಗಿತ್ತು. ಇನ್ನೊಬ್ಬರ ಬರೆಹವನ್ನು ಓದಿ ಅದರ ಬಿರುಕುಗಳನ್ನು ಕಾಣಿಸುವುದು ಸಂಶೋಧನೆಗೆ ಅತ್ಯಂತ ಸಮೀಪವಾದ ಕೆಲಸ. ಅಳತೆಗೆ ಹೆಚ್ಚು ಸಮಯ ಬೇಡುವ ಆ ಕೆಲಸವೇ ಮೊದಲು ಹೋಯಿತು. ಇದಕ್ಕೂ ಮುನ್ನ, 2021ರಲ್ಲಿ, ಇಂಗ್ಲಿಷ್ ಸಾಹಿತ್ಯದ ಪ್ರತ್ಯೇಕ ವಿಷಯ ಪರೀಕ್ಷೆಯೂ ನಿಂತಿತ್ತು. ಸಾಹಿತ್ಯದ ವಿದ್ಯಾರ್ಥಿಯ ಮಟ್ಟಿಗೆ ದಾಖಲೆಯ ಪರೀಕ್ಷೆಯಲ್ಲಿ ದಾಖಲೆ ಎಂಬ ಹೆಸರಷ್ಟೇ ಉಳಿದಿದೆ.

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಒಂದು ಅಂಶ ಗೋಚರಿಸುತ್ತದೆ. ಬಹುತೇಕ ಪ್ರಶ್ನೆಬಗೆಗಳು ಹೋದದ್ದು ತರಬೇತಿ, ಸೋರಿಕೆ, ಸಮಯ, ಮಾರುಕಟ್ಟೆ ಎಂಬ ಆಡಳಿತದ ಒತ್ತಡಗಳಿಂದ. 1930ರಲ್ಲೇ ಎತ್ತಲಾಗಿದ್ದ ಭಾಷಾನ್ಯಾಯದ ಪ್ರಶ್ನೆ ಯಾವ ಬದಲಾವಣೆಗೂ ತಾನೊಂದೇ ಸಾಕಷ್ಟು ಕಾರಣವಾಗಲಿಲ್ಲ.

ಭಾರತದ ಎನ್.ಇ.ಟಿ. ಪರೀಕ್ಷೆಯ ಸಂದರ್ಭದಲ್ಲಿ ಈ ಮಾತು ನಮಗೆ ಸಮೀಪದ್ದಾಗುತ್ತದೆ. ಅದರ ಮೂರನೆಯ ಪತ್ರಿಕೆ ಬಹುಕಾಲ ವಿವರಣಾತ್ಮಕವಾಗಿತ್ತು. ಕನ್ನಡದ ಅಭ್ಯರ್ಥಿ ಅಲ್ಲಿ ಕನ್ನಡದಲ್ಲಿ ವಾದ ಕಟ್ಟಿ ಬರೆಯಬೇಕಿತ್ತು. 2012ರ ಜೂನ್‌ನಿಂದ ಅದೂ ವಸ್ತುನಿಷ್ಠ ಮಾದರಿಗೆ ಬದಲಾಯಿತು; 2018ರಲ್ಲಿ ಮೂರು ಪತ್ರಿಕೆಗಳು ಎರಡಾದವು. ಹೊಂದಿಸಿ ಬರೆಯುವುದು, ಕಾಲಾನುಕ್ರಮದಲ್ಲಿ ಜೋಡಿಸುವುದು, ಪ್ರತಿಪಾದನೆ ಮತ್ತು ಕಾರಣಗಳನ್ನು ತಾಳೆ ನೋಡುವುದು ಈಗಿನ ಮುಖ್ಯ ರೂಪಗಳು. 2024-25ರಿಂದ ಇದೇ ಅಂಕಗಳು ಪಿಎಚ್.ಡಿ. ಪ್ರವೇಶಕ್ಕೂ ಆಧಾರವಾಗಿವೆ, ಕಿರಿಯ ಸಂಶೋಧನ ವೇತನ ಪಡೆಯದ ಅರ್ಹರ ಪ್ರವೇಶದಲ್ಲಿ ಪರೀಕ್ಷೆಗೆ ಶೇ. 70ರಷ್ಟು, ಸಂದರ್ಶನಕ್ಕೆ ಶೇ. 30ರಷ್ಟು ತೂಕ. ಎಲ್ಲರಿಗೂ ಸಾಮಾನ್ಯವಾದ ಮೊದಲ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಅದರ ಗದ್ಯಗ್ರಹಿಕೆ, ತರ್ಕ, ಸಾದೃಶ್ಯಗಳನ್ನು ಕಾಸರಗೋಡಿನಲ್ಲಿಯೋ ಅಕ್ಕಲಕೋಟೆಯಲ್ಲಿಯೋ ಕನ್ನಡ ಮಾಧ್ಯಮದಲ್ಲಿ ಓದಿದ, ಮಲಯಾಳ ಅಥವಾ ಮರಾಠಿಯನ್ನು ಬೀದಿಯಲ್ಲಿ ಕಲಿತ ವಿದ್ಯಾರ್ಥಿ ತನ್ನ ಮೂರನೆಯ ಅಥವಾ ನಾಲ್ಕನೆಯ ಭಾಷೆಯಲ್ಲಿ ಎದುರಿಸುತ್ತಾನೆ. ಬ್ರಿಗಮ್ ಸಲ್ಲದೆಂದ ಹೋಲಿಕೆ ಇದೇ.

ವಸ್ತುನಿಷ್ಠ ಪ್ರಶ್ನೆಗಳಿಗೆ ಅವುಗಳದೇ ಗುಣವಿದೆ. ಮೌಲ್ಯಮಾಪಕನ ಒಲವು, ಪರಿಚಯ, ಆಲಸ್ಯಗಳಿಂದ ಅವು ಅಭ್ಯರ್ಥಿಯನ್ನು ಕಾಪಾಡುತ್ತವೆ. ವಿವರಣಾತ್ಮಕ ಪತ್ರಿಕೆಯ ಕಾಲವನ್ನು ಸುವರ್ಣಯುಗವೆನ್ನಲು ಕಾರಣವಿಲ್ಲ. ಆದರೆ ಗಡಿನಾಡಿನ ವಿದ್ಯಾರ್ಥಿಗೆ ಸಹಜವಾಗಿ ಒದಗಿರುವ ವಿದ್ಯೆ ಎರಡು ಸಾಹಿತ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬಲ್ಲದ್ದು. ಎಂ. ಗೋವಿಂದ ಪೈಗಳಂತಹ ಬಹುಭಾಷಾ ವಿದ್ವಾಂಸರು ಮಂಜೇಶ್ವರದಲ್ಲಿ ಕುಳಿತು ಮಾಡಿದ ಕೆಲಸದ ಬುನಾದಿಯೂ ಅದೇ. ಆ ವಿದ್ಯೆಯನ್ನು ಅಳೆಯುವ ಒಂದು ಪ್ರಶ್ನೆಬಗೆಯೂ ಈಗಿನ ಪ್ರವೇಶ ಪರೀಕ್ಷೆಯಲ್ಲಿಲ್ಲ. ಮೊದಲ ಪತ್ರಿಕೆಯನ್ನು ಕನ್ನಡವೂ ಸೇರಿದಂತೆ ಇತರ ಭಾಷೆಗಳಲ್ಲಿ ಒದಗಿಸುವುದು, ಎರಡನೆಯದರಲ್ಲಿ ಒಂದು ಕಿರು ತೌಲನಿಕ ಬರೆಹಕ್ಕೆ ಎಡೆ ಕೊಡುವುದು ಅಸಾಧ್ಯವಾದ ಬೇಡಿಕೆಗಳಲ್ಲ. ಮುಂದಿನ ಪರಿಷ್ಕರಣ ಬಂದಾಗ ಪ್ರಶ್ನೆಗಳ ಸಂಖ್ಯೆ, ಅವಧಿ, ಯಂತ್ರಗಳ ಜೊತೆಗೆ ಪ್ರಶ್ನೆಯ ರೂಪ ಮತ್ತು ಭಾಷೆಯೂ ಚರ್ಚೆಗೆ ಬರಬೇಕಾದರೆ, ಅದನ್ನು ಎತ್ತುವ ಹೊಣೆ ಎರಡು ಭಾಷೆಗಳಲ್ಲಿ ಕಲಿತು ಕಲಿಸುತ್ತಿರುವ ನಮ್ಮ ಮೇಲೆಯೇ ಇದೆ.