ಟೆಕ್ಸಾಸ್‌ನ ಚಾವಣಿಗಳು: ಡಾಂಬರು ಮತ್ತು ತಗಡಿನ ಒಂದು ಚರಿತ್ರೆ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಮನೆಯ ಇಳಿಜಾರು ಚಾವಣಿಗೆ ಇಂದು ಮುಖ್ಯವಾಗಿ ಎರಡು ಹೊದಿಕೆಗಳ ನಡುವೆ ಆಯ್ಕೆ ನಡೆಯುತ್ತದೆ: ಡಾಂಬರು ಉಣಿಸಿದ ಹಾಳೆಯ ಮೇಲೆ ಕಲ್ಲಿನ ಹರಳು ಅಂಟಿಸಿ, ಹೆಂಚಿನಂತೆ ಒಂದರ ಮೇಲೊಂದು ಹಾಸುವ ‘ಶಿಂಗಲ್’ ಎಂಬ ತೆಳುಪಟ್ಟಿ ಒಂದು, ಲೋಹಲೇಪವಿರುವ ಉಕ್ಕಿನ ತಗಡು ಇನ್ನೊಂದು. ಬೇಸಿಗೆಯಲ್ಲಿ ಉಷ್ಣತೆ ಹಲವು ದಿನ 38 ಡಿಗ್ರಿ ಸೆಲ್ಸಿಯಸ್ ದಾಟುವ ಈ ನಾಡಿನಲ್ಲಿ, ಅದಕ್ಕೂ ಮುಂಚಿನ ಮಾರ್ಚ್–ಮೇ ತಿಂಗಳುಗಳಲ್ಲಿ ಮೆಕ್ಸಿಕೊ ಕೊಲ್ಲಿಯಿಂದ ಬರುವ ತೇವದ ಗಾಳಿಯೂ ಪಶ್ಚಿಮದ ಎತ್ತರದ ನೆಲದಿಂದ ಬರುವ ಒಣಗಾಳಿಯೂ ಸಂಧಿಸಿ, ಭಾರಿ ಗುಡುಗುಮೋಡಗಳು ಎದ್ದು ಆಲಿಕಲ್ಲು ಸುರಿಸುತ್ತವೆ. ಆದ್ದರಿಂದ ಚಾವಣಿಯ ಚರ್ಚೆ ಈಗ ಬಿಸಿಲು ಮತ್ತು ಆಲಿಕಲ್ಲಿನ ಸುತ್ತಲೇ ನಡೆಯುತ್ತದೆ. ಆದರೆ ಈ ಎರಡು ಹೊದಿಕೆಗಳೂ ಅಲ್ಲಿ ಬೇರೂರಿದ್ದು ಬೇರೆಯೇ ಕಾರಣಗಳಿಂದ; ಬೆಂಕಿಯ ಭಯ, ಸಾಗಣೆಯ ಅನುಕೂಲ ಮತ್ತು ಕುಡಿಯುವ ನೀರಿನ ಅಗತ್ಯ ಮೊದಲು ಅವನ್ನು ಆರಿಸಿದವು, ಆಲಿಕಲ್ಲು ಲೆಕ್ಕಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದ ಕೊನೆಗೆ, ಅದೂ ವಿಮಾ ಕಂಪನಿಗಳ ಮೂಲಕ.

ಹತ್ತೊಂಬತ್ತನೆಯ ಶತಮಾನದ ಟೆಕ್ಸಾಸ್ ಮನೆಗಳ ಸಾಮಾನ್ಯ ಹೊದಿಕೆ ಮರದ ಸೀಳುಪಟ್ಟಿ. ಹತ್ತಿರದ ಕಾಡಿನಲ್ಲಿ ಸಿಗುವ ಮರವನ್ನು ಸೀಳಿ ಯಾರು ಬೇಕಾದರೂ ಮಾಡಿಕೊಳ್ಳಬಹುದಾಗಿದ್ದ ಅದಕ್ಕೆ ಶಿಂಗಲ್ ಎಂಬ ಹೆಸರು ಮೊದಲಿನಿಂದಲೂ ಇತ್ತು. ಮುಂದೆ ಡಾಂಬರಿನ ಪಟ್ಟಿ ಆ ಹೆಸರನ್ನೂ ಆ ಆಕಾರವನ್ನೂ ಎರವಲು ಪಡೆಯಿತು. ಲೋಹದ ಚಾವಣಿಯ ಮೂಲ ಯುರೋಪಿನಲ್ಲಿದೆ. ಲಂಡನ್ನಿನ ಹಡಗುಕಟ್ಟೆಗಳಲ್ಲಿ ಎಂಜಿನಿಯರ್ ಆಗಿದ್ದ ಹೆನ್ರಿ ರಾಬಿನ್ಸನ್ ಪಾಮರ್, ಕಬ್ಬಿಣದ ತಗಡನ್ನು ಅಲೆಯಲೆಯಾಗಿ ಬಾಗಿಸಿದರೆ ತೆಳುವಾದ ಹಾಳೆಯೂ ದೂರದೂರದ ಆಧಾರಗಳ ನಡುವೆ ಜೋಲದೆ ನಿಲ್ಲುತ್ತದೆಂದು ತೋರಿಸಿ 1829ರಲ್ಲಿ ಪೇಟೆಂಟ್ ಪಡೆದನು. ಕಾದು ಕರಗಿದ ಸತುವಿನಲ್ಲಿ ಕಬ್ಬಿಣವನ್ನು ಅದ್ದಿ ತುಕ್ಕು ತಡೆಯುವ ವಿಧಾನಕ್ಕೆ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದನು. ಟೆಕ್ಸಾಸ್‌ನ ಮಧ್ಯಭಾಗದ ಗುಡ್ಡನಾಡಿನಲ್ಲಿ 1845ರಲ್ಲಿ ನ್ಯೂ ಬ್ರೌನ್‌ಫೆಲ್ಸ್, 1846ರಲ್ಲಿ ಫ್ರೆಡರಿಕ್ಸ್‌ಬರ್ಗ್ ಊರುಗಳನ್ನು ಕಟ್ಟಿಕೊಂಡ ಜರ್ಮನ್ ವಲಸಿಗರು ಸುಣ್ಣಕಲ್ಲಿನ ಮನೆಗಳಿಗೆ ಮೊದಮೊದಲು ಮರವನ್ನೇ ಹೊದಿಸಿದರೂ, 1877ರಲ್ಲಿ ಸ್ಯಾನ್ ಆಂಟೋನಿಯೊಗೆ ರೈಲು ಬಂದು ಕಾರ್ಖಾನೆಯ ತಗಡು ಕೈಗೆಟುಕುವಂತಾದ ಮೇಲೆ ಕ್ರಮೇಣ ಲೋಹಕ್ಕೆ ಹೊರಳಿದರು. ಮಳೆ ಅನಿಶ್ಚಿತವಾದ ಆ ಗುಡ್ಡಗಳಲ್ಲಿ ಚಾವಣಿಯ ನೀರನ್ನು ತೊಟ್ಟಿಗೆ ಇಳಿಸಿ ಕುಡಿಯುತ್ತಿದ್ದವರಿಗೆ, ಕೊಳೆತು ಹಾವಸೆ ಕಟ್ಟುವ ಮರಕ್ಕಿಂತ ತಗಡಿನ ಮೇಲಿನಿಂದ ಹರಿದ ನೀರು ಹೆಚ್ಚು ಒಪ್ಪಿಗೆಯಾಯಿತು.

ಪಟ್ಟಣಗಳಲ್ಲಿ ಮರವನ್ನು ಹೊರದೂಡಿದ್ದು ಬೆಂಕಿ. ಗಾಳಿಯಲ್ಲಿ ತೇಲಿಬಂದ ಒಂದು ಕಿಡಿ ಒಣಗಿದ ಸೀಳುಪಟ್ಟಿಗಳ ಸಂದಿಯಲ್ಲಿ ಕುಳಿತರೆ ಸಾಕು, ಬೀದಿಯಿಂದ ಬೀದಿಗೆ ಚಾವಣಿಯೇ ಬೆಂಕಿಯ ದಾರಿಯಾಗುತ್ತಿತ್ತು. ಗ್ಯಾಲ್ವೆಸ್ಟನ್ ಬಂದರುಪಟ್ಟಣದಲ್ಲಿ 1885ರ ನವೆಂಬರ್ 13ರಂದು ಹತ್ತಿದ ಬೆಂಕಿ ಸುಮಾರು 40 ಬ್ಲಾಕುಗಳನ್ನು ಸುಟ್ಟಿತು. ಬಳಿಕ ಅಲ್ಲಿ ಸುಡದ ಹೊದಿಕೆಯೆಂದು ಪದರಗಲ್ಲಿನ, ಅಂದರೆ ಸ್ಲೇಟಿನ, ಬಿಲ್ಲೆಗಳು ಬಳಕೆಗೆ ಬಂದವು. ಹದಿನೈದು ವರ್ಷಗಳ ನಂತರ, 1900ರ ಸೆಪ್ಟೆಂಬರ್ 8ರ ಚಂಡಮಾರುತದಲ್ಲಿ ಕನಿಷ್ಠ 6,000 ಜನ ಸತ್ತ ಆ ದಿನ, ಬೆಂಕಿಯಿಂದ ಕಾಯಲೆಂದು ಹೊದಿಸಿದ್ದ ಅದೇ ಕಲ್ಲುಬಿಲ್ಲೆಗಳು ಗಾಳಿಗೆ ಕಿತ್ತು ಹಾರಿ ಬೀದಿಯಲ್ಲಿದ್ದವರನ್ನು ಗಾಯಗೊಳಿಸಿದವು, ಕೊಂದವು. ಒಂದು ಆಪತ್ತಿಗೆ ಕಂಡುಕೊಂಡ ಉತ್ತರ ಮುಂದಿನ ಆಪತ್ತಿನ ಸಾಧನವಾಗುವ ಇಂಥ ಪ್ರಸಂಗ ಚಾವಣಿಯ ಚರಿತ್ರೆಯಲ್ಲಿ ಅಪರೂಪವೇನಲ್ಲ. ಉತ್ತರ ಟೆಕ್ಸಾಸ್‌ನ ಪ್ಯಾರಿಸ್ ಪಟ್ಟಣದಲ್ಲಿ 1916ರ ಮಾರ್ಚ್ 21ರ ಬೆಂಕಿ ಸುಮಾರು 1,400 ಕಟ್ಟಡಗಳನ್ನು ನುಂಗಿದ ಹೊತ್ತಿಗೆ, ಅಗ್ನಿ ವಿಮಾದಾರರ ರಾಷ್ಟ್ರೀಯ ಮಂಡಳಿಯು ಮರದ ಚಾವಣಿಯ ವಿರುದ್ಧ ದೇಶವ್ಯಾಪಿ ಪ್ರಚಾರ ನಡೆಸುತ್ತಿತ್ತು.

ಡಾಂಬರಿಗೆ ಬಾಗಿಲು ತೆರೆದದ್ದು ಈ ಪ್ರಚಾರವೇ. ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಹೆನ್ರಿ ರೆನಾಲ್ಡ್ಸ್ ಎಂಬ ಗುತ್ತಿಗೆದಾರ, ಸುರುಳಿಯಾಗಿ ಮಾರಾಟವಾಗುತ್ತಿದ್ದ ಡಾಂಬರಿನ ಹೊದಿಕೆಯನ್ನು 1903ರ ಸುಮಾರಿಗೆ ಬಿಡಿಬಿಡಿ ಪಟ್ಟಿಗಳಾಗಿ ಕತ್ತರಿಸಿ ಬಳಸಿದನೆಂದು ಈ ಉದ್ಯಮದ ಚರಿತ್ರೆ ದಾಖಲಿಸುತ್ತದೆ. ಚಿಂದಿ ಬಟ್ಟೆ, ಕಾಗದಗಳ ನಾರಿನಿಂದ ಮಾಡಿದ ಹಾಳೆಗೆ ಡಾಂಬರು ಕುಡಿಸಿ, ಮೇಲೆ ಸ್ಲೇಟಿನ ಹರಳು ಒತ್ತಿದ ಆ ಪಟ್ಟಿ ಅಗ್ಗವಾಗಿತ್ತು, ಹಗುರವಾಗಿತ್ತು, ಮೊಳೆ ಹೊಡೆಯಲು ಬಂದರೆ ಸಾಕಾಗಿತ್ತು. ಕಚ್ಚಾತೈಲ ಶುದ್ಧೀಕರಣದ ಕೊನೆಯಲ್ಲಿ ಉಳಿಯುವ ಡಾಂಬರಿಗೆ, ಎಣ್ಣೆಬಾವಿಗಳ ನಾಡಾದ ಟೆಕ್ಸಾಸ್‌ನಲ್ಲಿ ಬರವೂ ಇರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಉಪನಗರಗಳು ಬೆಳೆದಾಗ ಡಾಂಬರು ಅಮೆರಿಕದ ಸಾಮಾನ್ಯ ಮನೆಯ ಚಾವಣಿಯೇ ಆಯಿತು. 1973ರ ತೈಲ ಬಿಕ್ಕಟ್ಟು ಡಾಂಬರಿನ ಬೆಲೆ ಏರಿಸಿದ ಮೇಲೆ, ಕಡಿಮೆ ಡಾಂಬರು ಹೀರುವ ಗಾಜಿನ ನಾರಿನ ಹಾಳೆ ಹಳೆಯ ಚಿಂದಿನಾರಿನ ಜಾಗಕ್ಕೆ ಬಂತು. ಬೆಂಕಿಯ ಪರೀಕ್ಷೆಯಲ್ಲೂ ಅದು ಮೇಲಿನ ದರ್ಜೆ ಪಡೆಯಿತು.

ಕರ್ನಾಟಕದ ಓದುಗರಿಗೆ ಟೆಕ್ಸಾಸ್‌ನಲ್ಲಿ ಈ ಎರಡು ಹೊದಿಕೆಗಳ ಅಂತಸ್ತು ತಲೆಕೆಳಗಾಗಿ ತೋರಬಹುದು. ನಮ್ಮಲ್ಲಿ ಡಾಂಬರು ರಸ್ತೆಗೆ ಸೇರಿದ್ದು, ತಗಡು ಕೊಟ್ಟಿಗೆಗೂ ಬಡವರ ಮನೆಗೂ ಸೇರಿದ್ದು. ಡಾಲಸ್ ಸುತ್ತಲಿನ ಉಪನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳ ಮೇಲೆ ಸಾಮಾನ್ಯವಾಗಿರುವುದು ಡಾಂಬರು, ಹೆಚ್ಚು ಹಣ ತೆತ್ತು ಹಾಕಿಸಬೇಕಾದದ್ದು ತಗಡು.

ಬಿಸಿಲಿನ ಪ್ರಶ್ನೆ ಕಾಣುವಷ್ಟು ಸರಳವಲ್ಲ. ಡಾಂಬರು ಬಿಸಿಲನ್ನು ಹೀರಿ ಕಾಯುತ್ತದೆ, ವರ್ಷಗಳು ಕಳೆದಂತೆ ಗಾಳಿಯ ಆಮ್ಲಜನಕದೊಡನೆ ಬೆರೆತು ಗಡುಸಾಗುತ್ತದೆ. ಅತಿನೇರಳೆ ಕಿರಣದಿಂದ ಅದನ್ನು ಕಾಯುವುದು ಮೇಲಿನ ಹರಳಿನ ಪದರ ಮಾತ್ರ. ಬಣ್ಣವಿಲ್ಲದ ತಗಡು ಬೆಳಕನ್ನು ಬಹುಮಟ್ಟಿಗೆ ಹಿಂದಿರುಗಿಸಿದರೂ, ಹೀರಿಕೊಂಡಷ್ಟು ಶಾಖವನ್ನು ಹೊರಸೂಸುವುದರಲ್ಲಿ ಹಿಂದುಳಿಯುವುದರಿಂದ ಅದೂ ಸುಡುವಷ್ಟು ಕಾಯುತ್ತದೆ. ತಿಳಿ ಬಣ್ಣದ ಲೇಪ ಬಂದ ಮೇಲೆಯೇ ಅದರ ಮೇಲುಗೈ ನಿಜವಾಯಿತು. ಬೆತ್ಲಹೆಮ್ ಸ್ಟೀಲ್ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದ ‘ಗ್ಯಾಲ್ವಲ್ಯೂಮ್’, ಅಂದರೆ ನೂರಕ್ಕೆ 55 ಪಾಲು ಅಲ್ಯುಮಿನಿಯಂ ಮತ್ತು ಉಳಿದಂತೆ ಬಹುಪಾಲು ಸತು ಬೆರೆತ ಲೇಪ, ತಗಡಿನ ಆಯುಷ್ಯವನ್ನೂ ಹೆಚ್ಚಿಸಿತು.

ಆಲಿಕಲ್ಲಿನ ಪ್ರಶ್ನೆ ಮುನ್ನೆಲೆಗೆ ಬಂದದ್ದು ಇದಕ್ಕೂ ತಡವಾಗಿ. ಫೋರ್ಟ್‌ವರ್ತ್ ನಗರದಲ್ಲಿ 1995ರ ಮೇ 5ರ ಸಂಜೆ, ನದೀತೀರದ ವಸಂತೋತ್ಸವಕ್ಕೆ ಸಾವಿರಾರು ಜನ ಬಯಲಲ್ಲಿ ಸೇರಿದ್ದಾಗ ಕಿತ್ತಳೆಗಿಂತ ದಪ್ಪದ ಆಲಿಕಲ್ಲು ಬಿದ್ದು ಹಲವರು ಗಾಯಗೊಂಡರು. ಆ ಬಿರುಗಾಳಿಮಳೆಯ ಒಟ್ಟು ನಷ್ಟ 100 ಕೋಟಿ ಡಾಲರ್ ಮೀರಿತು. ಆವರೆಗೆ ಚಾವಣಿಯ ದರ್ಜೆಯೆಂದರೆ ಬೆಂಕಿಯ ದರ್ಜೆಯೇ ಆಗಿತ್ತು. ಮರುವರ್ಷ, 1996ರಲ್ಲಿ, ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆ ಯು.ಎಲ್. 2218 ಎಂಬ ಹೊಡೆತದ ಪರೀಕ್ಷೆಯನ್ನು ಪ್ರಕಟಿಸಿತು. ಉಕ್ಕಿನ ಗುಂಡನ್ನು ಒಂದೇ ಜಾಗದ ಮೇಲೆ ಎರಡು ಸಲ ಬೀಳಿಸಿ, ಹೊದಿಕೆ ಬಿರುಕು ಬಿಡದಿದ್ದರೆ ತೇರ್ಗಡೆ ಮಾಡುವ ಈ ಪರೀಕ್ಷೆಯಲ್ಲಿ, 2 ಇಂಚು ವ್ಯಾಸದ ಗುಂಡನ್ನು 20 ಅಡಿಯಿಂದ ಬಿಟ್ಟಾಗಲೂ ಉಳಿಯುವುದು 4ನೆಯ, ಅಂದರೆ ಎಲ್ಲಕ್ಕಿಂತ ಮೇಲಿನ, ದರ್ಜೆ. 1998ರಿಂದ ಟೆಕ್ಸಾಸ್‌ನ ವಿಮಾ ಇಲಾಖೆ ಇಂಥ ಚಾವಣಿಯಿರುವ ಮನೆಗಳಿಗೆ ವಿಮಾಕಂತಿನಲ್ಲಿ ರಿಯಾಯಿತಿ ಜಾರಿಗೆ ತಂದಿತು. ತಗಡು ಈ ದರ್ಜೆಯನ್ನು ಸುಲಭವಾಗಿ ಮುಟ್ಟಿತು. ಡಾಂಬರಿನ ತಯಾರಕರು ರಬ್ಬರಿನಂತೆ ಬಗ್ಗುವ ಪಾಲಿಮರ್ ಬೆರೆಸಿ ತಾವೂ ಮುಟ್ಟಿದರು. ಉಕ್ಕಿನ ಗುಂಡು ಮಂಜುಗಡ್ಡೆಯಂತೆ ವರ್ತಿಸುವುದಿಲ್ಲ, ಹರಳು ಉದುರಿದ್ದನ್ನು ಈ ಪರೀಕ್ಷೆ ಗಣಿಸುವುದೂ ಇಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ವಿಮಾದಾರರೇ ನಡೆಸುವ ಸಂಶೋಧನಾ ಸಂಸ್ಥೆಯೊಂದು ದಕ್ಷಿಣ ಕೆರೊಲಿನಾದ ತನ್ನ ಪ್ರಯೋಗಾಲಯದಲ್ಲಿ 2013ರಲ್ಲಿ ಮಂಜುಗಡ್ಡೆಯ ಉಂಡೆಗಳನ್ನು ಮಾಡಿ ಇಡೀ ಮನೆಯೊಂದರ ಮೇಲೆ ಸುರಿಸಿ ನೋಡಿತು.

ಆಲಿಕಲ್ಲಿನ ಏಟು ಎರಡು ಹೊದಿಕೆಗಳಲ್ಲೂ ಒಂದೇ ಬಗೆಯಲ್ಲ. ಡಾಂಬರಿನಲ್ಲಿ ಹರಳು ಉದುರಿ ಒಳಗಿನ ಹಾಳೆ ಜಜ್ಜಿಹೋದರೂ ಸೋರಿಕೆ ವರ್ಷಗಳ ನಂತರ ಕಾಣಿಸಿಕೊಳ್ಳಬಹುದು. ತಗಡು ನಗ್ಗಿದ್ದು ಬೀದಿಗೇ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಸೋರುವುದಿಲ್ಲ. ನೀರು ಹೊರಗಿಡುವ ಕೆಲಸಕ್ಕೆ ಕುಂದಿಲ್ಲದಿದ್ದರೆ ಕೇವಲ ನಗ್ಗಿಗೆ ಪರಿಹಾರವಿಲ್ಲ ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿ ರಿಯಾಯಿತಿಯ ಜೊತೆಗೇ ಸೇರಿಕೊಂಡಿತು; ರಿಯಾಯಿತಿಯ ಆಸೆಗೆ ಸಹಿ ಹಾಕಿದ ಮಾಲೀಕನಿಗೆ ಇದು ತಿಳಿಯುತ್ತಿದ್ದದ್ದು ಬಹುಶಃ ಆಲಿಕಲ್ಲು ಬಿದ್ದ ಮರುದಿನ. ಸ್ಯಾನ್ ಆಂಟೋನಿಯೊದಲ್ಲಿ 2016ರ ಏಪ್ರಿಲ್ 12ರ ಆಲಿಕಲ್ಲುಮಳೆ ಆವರೆಗಿನ ಟೆಕ್ಸಾಸ್‌ನ ಚರಿತ್ರೆಯಲ್ಲೇ ಅತಿ ದುಬಾರಿಯೆನಿಸಿತು. ಇಂಥ ನಷ್ಟಗಳ ನಡುವೆ, ಮಾಲೀಕನೇ ಭರಿಸಬೇಕಾದ ಮೊದಲ ಪಾಲನ್ನು ವಿಮಾದಾರರು ನಿಗದಿತ ಮೊತ್ತದ ಬದಲು ಮನೆಯ ವಿಮಾಮೌಲ್ಯದ ಶೇಕಡಾ ಇಷ್ಟೆಂದು ಹೇರತೊಡಗಿದರು. ಆ ಪಾಲನ್ನು ತಾವೇ ಬಿಟ್ಟುಕೊಡುವುದಾಗಿ ಆಲಿಕಲ್ಲಿನ ಬೆನ್ನಿಗೇ ಬೀದಿಬೀದಿ ಸುತ್ತಿ ಗಿರಾಕಿ ಹಿಡಿಯುತ್ತಿದ್ದ ಚಾವಣಿ ಗುತ್ತಿಗೆದಾರರ ಪದ್ಧತಿಯನ್ನು, 2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ರಾಜ್ಯದ ಕಾನೂನು ಅಪರಾಧವಾಗಿಸಿತು.